ಸೇತುವೆ ದಾಟಿ ಬಂದ ಪುಸ್ತಕಗಳು: ದಾವಣಗೆರೆ–ಹರಿಹರ ಸೀಮೆಯಲ್ಲಿ ಮಕ್ಕಳ ಓದು

ಕನ್ನಡದಲ್ಲಿ ಮಕ್ಕಳ ಪುಸ್ತಕಗಳು ಹುಟ್ಟಿದ ಊರುಗಳೆಂದರೆ ಮಂಗಳೂರು, ಧಾರವಾಡ, ಮೈಸೂರು, ಬೆಂಗಳೂರು. ಇವುಗಳ ಸಾಲಿನಲ್ಲಿ ದಾವಣಗೆರೆಯೂ ಹರಿಹರವೂ ನಿಲ್ಲುವುದಿಲ್ಲ. ಈ ಎರಡು ಊರುಗಳಿಗೆ ಪುಸ್ತಕವು ಬಹುಮಟ್ಟಿಗೆ ಹೊರಗಿನಿಂದಲೇ ಬಂದಿತು. ಬಂದ ಪುಸ್ತಕವನ್ನು ಮಗುವಿನ ಕೈಗೆ ಇಟ್ಟು ‘ಇದನ್ನು ಓದು’ ಎಂದು ಹೇಳುವ ಕೆಲಸವನ್ನು ಮಾತ್ರ ಊರಿನ ಮೇಷ್ಟರು, ಮನೆಯ ಹಿರಿಯರು, ಪತ್ರಿಕೆಯ ಏಜೆಂಟರು, ಗ್ರಂಥಪಾಲಕರು ಮಾಡುತ್ತ ಬಂದರು. ಬರೆದವರ ಮತ್ತು ಅಚ್ಚುಹಾಕಿದವರ ಹೆಸರುಗಳು ಸಾಹಿತ್ಯ ಚರಿತ್ರೆಗಳಲ್ಲಿ ದಾಖಲಾಗಿವೆ. ಆರಿಸಿ ಕೊಟ್ಟವರ ಹೆಸರುಗಳು ಹೆಚ್ಚಾಗಿ ದಾಖಲಾಗಿಲ್ಲ. ಆದರೂ ಓದುವ ಮಗುವಿನ ಕಡೆಯಿಂದ ನೋಡಿದರೆ ಈ ಎರಡನೆಯವರ ಕೆಲಸವೇ ಮೊದಲಿನದು, ಏಕೆಂದರೆ ಎಷ್ಟೇ ಒಳ್ಳೆಯ ಪುಸ್ತಕವಾದರೂ ಅದರ ಸುದ್ದಿಯನ್ನು ಮಗುವಿಗೆ ಮುಟ್ಟಿಸುವವರಿಲ್ಲದಿದ್ದರೆ ಅದು ಇಲ್ಲಿಯವರೆಗೆ ಬಂದೂ ಬಾರದಂತೆಯೇ.

ಹೊರಗಿನ ಸರಕನ್ನು ಬರಮಾಡಿಕೊಳ್ಳುವ ಈ ಗುಣಕ್ಕೆ ಊರುಗಳ ನೆಲೆಯೇ ಕಾರಣ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಹೆಸರಾದ ಹರಿಹರವು ತುಂಗಭದ್ರೆಯ ದಡದ ಗಡಿಯೂರಾಗಿತ್ತು. 1956ರ ಏಕೀಕರಣದವರೆಗೆ ಹೊಳೆಯ ಈಚೆಯ ದಡ ಮೈಸೂರು ಸಂಸ್ಥಾನಕ್ಕೂ ಆಚೆಯ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೂ ಸೇರಿದ್ದವು. 1868ರಲ್ಲಿ ಹೊಳೆಗೆ ಕಟ್ಟಿದ ಸೇತುವೆ ಬೆಂಗಳೂರು–ಧಾರವಾಡ ಹೆದ್ದಾರಿಯನ್ನು ಜೋಡಿಸಿತು, 1889ರ ಹೊತ್ತಿಗೆ ಬೆಂಗಳೂರಿನಿಂದ ರೈಲೂ ಹರಿಹರಕ್ಕೆ ಬಂದಿತು. ಹೈದರಾಲಿಯಿಂದ ಜಹಗೀರು ಪಡೆದ ಮರಾಠ ಸರದಾರ ಅಪ್ಪಾಜಿರಾಮನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಪೇಟೆಯಾಗಿ ಬೆಳೆದಿದ್ದ ದಾವಣಗೆರೆ ಅದೇ ದಾರಿಯಲ್ಲಿತ್ತು. ಅಡಕೆ, ಮೆಣಸು, ಹತ್ತಿ ಸಾಗಿದ ಹಾದಿಯಲ್ಲೇ ಕಾಗದವೂ ಅಚ್ಚಿನ ಪುಸ್ತಕವೂ ಸಾಗಿದವು.

ಅಚ್ಚಿನ ಪುಸ್ತಕಕ್ಕೆ ಮೊದಲು ಮಕ್ಕಳಿಗೆಂದೇ ಬೇರೆ ಓದು ಇರಲಿಲ್ಲ. ನಾಡಿನ ಇತರ ಕಡೆಗಳಂತೆ ಈ ಸೀಮೆಯಲ್ಲೂ ಅಕ್ಷರ ಕಲಿಸುತ್ತಿದ್ದುದು ಕೂಲಿಮಠಗಳು, ಅಂದರೆ ಮಕ್ಕಳ ತಂದೆತಾಯಿಯರು ಕೊಡುವ ಕಾಳುಕಡ್ಡಿ ಅಥವಾ ಕಾಸಿನ ಮೇಲೆ ಒಬ್ಬ ಅಯ್ಯನವರು ಮಠದಲ್ಲೋ ಗುಡಿಯ ಜಗಲಿಯಲ್ಲೋ ನಡೆಸುತ್ತಿದ್ದ ಶಾಲೆಗಳು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಹುಡುಗ ಮುಂದೆ ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿ, ಸೋಮೇಶ್ವರ ಶತಕ, ಜೈಮಿನಿ ಭಾರತ, ಬಸವಾದಿ ಶರಣರ ವಚನಗಳನ್ನು ಮುಟ್ಟುತ್ತಿದ್ದನು. ಹುಡುಗಿಯರಿಗಂತೂ ಆ ಜಗಲಿಯೂ ಅಪರೂಪವಾಗಿತ್ತು. ಹಿರಿಯರ ಕಾವ್ಯವನ್ನೇ ಎಳೆಯರಿಗೂ ಕೊಡುವ ಈ ಕ್ರಮವನ್ನು ಇಂದಿನ ಶಿಕ್ಷಣತಜ್ಞರು ಕಠಿಣವೆಂದು ತಳ್ಳಿಹಾಕುವುದುಂಟು. ಆದರೆ ಅರ್ಥ ತಿಳಿಯುವ ಮುನ್ನವೇ ಪದ್ಯದ ಲಯ ಕಿವಿಗೆ ಹತ್ತುತ್ತಿತ್ತು ಎಂಬುದನ್ನೂ, ಗಮಕಿಗಳು, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಕೇಳಿಸುವವರು, ಚಿಕ್ಕವರನ್ನೂ ದೊಡ್ಡವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸುತ್ತಿದ್ದರು ಎಂಬುದನ್ನೂ ಮರೆಯಲಾಗದು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಸರ್ಕಾರಿ ಶಾಲೆಗಳು ಬಂದವು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆ 1857ರಲ್ಲಿ ರೂಪುಗೊಂಡಿತು. ಇಲ್ಲಿ ಹರಿಹರದ ಸೇತುವೆಗೆ ಒಂದು ವಿಶೇಷ ಅರ್ಥ ಬರುತ್ತದೆ. ಹೊಳೆಯ ಆಚೆ ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪ, ವೆಂಕಟ ರಂಗೋ ಕಟ್ಟಿ ಮೊದಲಾದವರು ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆ ಮತ್ತು ಕನ್ನಡ ಪಠ್ಯಗಳಿಗಾಗಿ ದುಡಿದಿದ್ದರು, 1890ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು; ಹೊಳೆಯ ಈಚೆಗೆ ಮೈಸೂರು ಸರ್ಕಾರದ ಬೇರೆಯದೇ ಪಠ್ಯಕ್ರಮ ನಡೆಯುತ್ತಿತ್ತು. ಹೀಗೆ ಒಂದೇ ಭಾಷೆಯಾಡುವ, ಒಂದೇ ಹೊಳೆಯ ನೀರು ಕುಡಿಯುವ ಎರಡು ದಡದ ಮಕ್ಕಳು ಬೇರೆ ಬೇರೆ ಪಾಠಗಳನ್ನು ಓದಿ ಬೆಳೆದರು. ಸಂತೆ, ಜಾತ್ರೆ, ಮದುವೆಗಳ ನೆಪದಲ್ಲಿ ಮಾತ್ರ ಅವರು ಒಬ್ಬರ ಪದ್ಯವನ್ನು ಒಬ್ಬರು ಕೇಳಬಲ್ಲವರಾಗಿದ್ದರು. ಏಕೀಕರಣವನ್ನು ರಾಜಕೀಯ ಘಟನೆಯಾಗಿ ಮಾತ್ರ ಬಣ್ಣಿಸುವವರು ಎರಡು ದಡದ ಮಕ್ಕಳನ್ನು ಒಂದೇ ಪಾಠಕ್ಕೆ ತಂದು ಅವರ ಓದಿನಲ್ಲಿ ಅದು ಮಾಡಿದ ಮಾರ್ಪಾಟನ್ನು ಗಮನಿಸುವುದು ಕಡಿಮೆ.

ಮಕ್ಕಳನ್ನು ಮಕ್ಕಳೆಂದೇ ಕಂಡು ಬರೆದ ಸಾಹಿತ್ಯವು ಬಲಗೊಂಡದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಶಾಲಾ ಇನ್ಸ್‌ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಕುವೆಂಪು ಅವರು ರಾಬರ್ಟ್ ಬ್ರೌನಿಂಗನ ಕವಿತೆಯಲ್ಲಿ ಜರ್ಮನಿಯ ವೇಸರ್ ನದಿಯ ದಡದಲ್ಲಿ ನಡೆಯುವ ಇಲಿ ಹಿಡಿಯುವವನ ಕಥೆಯನ್ನು ತುಂಗೆಯ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ರಚಿಸಿದರು. ಎಳೆಯರಿಗೆ ಪಾಠ ಹೇಳುವ ಕೆಲಸದಲ್ಲಿದ್ದ ಜಿ.ಪಿ. ರಾಜರತ್ನಂ ಅವರು ಮಕ್ಕಳ ಬಾಯಿಗೆ ಒಗ್ಗುವ ಪದ್ಯಗಳಿಲ್ಲದ ಕೊರತೆಯನ್ನು ತುಂಬಲು ತಾವೇ ಬರೆದ ‘ತುತ್ತೂರಿ’ಯೂ, ಜಗತ್ತಿನ ತಿಳಿವಳಿಕೆಯನ್ನೆಲ್ಲ ಚಿತ್ರಸಹಿತವಾಗಿ ಕನ್ನಡದ ಮಕ್ಕಳ ಮುಂದಿಟ್ಟ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟಗಳೂ 1930ರ ದಶಕದಲ್ಲಿ ಹೊರಬಂದವು. ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಹರಿಹರಕ್ಕೆ ಹರಿದುಬರುವ ಹೊಳೆಯ ಹೆಸರೇ ಪುಸ್ತಕದಲ್ಲಿ ಇರುವುದರಿಂದ ಕಿಂದರಿಜೋಗಿ ಈ ಸೀಮೆಯ ಮಗುವಿಗೆ ದೂರದ ಕಥೆಯಾಗುವುದಿಲ್ಲ. ಓದಿ ಹೇಳಲು, ಹಾಡಿಸಲು, ಶಾಲೆಯ ವಾರ್ಷಿಕೋತ್ಸವದಲ್ಲಿ ಆಡಿಸಲು ಅದಕ್ಕಿಂತ ಮಿಗಿಲಾದ ಪುಸ್ತಕವನ್ನು ಹೆಸರಿಸುವುದು ಇಂದಿಗೂ ಕಷ್ಟ.

ಇದೇ ಕಾಲದಲ್ಲಿ ಊರುಗಳ ರೂಪವೂ ಬದಲಾಯಿತು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದು ಅದಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು; ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ತಿಂಗಳ ಸಂಬಳ ಬರುವ, ಮಕ್ಕಳನ್ನು ಶಾಲೆಗೆ ಕಳಿಸುವ ಕುಟುಂಬಗಳು ಹೆಚ್ಚಿದವು. 1940ರ ದಶಕದಲ್ಲಿ ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು ಸುಲಭ ಕನ್ನಡದ ಪುಸ್ತಕಗಳನ್ನೂ ‘ಬೆಳಕು’, ‘ಪುಸ್ತಕ ಪ್ರಪಂಚ’ ಎಂಬ ಪತ್ರಿಕೆಗಳನ್ನೂ ಹೊರತಂದಿತು; ಅಕ್ಷರ ಕಲಿಯುವ ದೊಡ್ಡವರಿಗೆಂದು ಸಿದ್ಧವಾದ ಈ ದೊಡ್ಡಕ್ಷರದ ಪುಸ್ತಕಗಳು ಓದಲು ತೊಡಗಿದ ಮಕ್ಕಳಿಗೂ ಹೊಂದುವಂಥವಾಗಿದ್ದವು. ದಾವಣಗೆರೆಯ ಕೆ.ಬಿ.ಆರ್. ನಾಟಕ ಕಂಪನಿ ಮೊದಲಾದ ವೃತ್ತಿ ರಂಗಭೂಮಿಯ ಮಂಡಳಿಗಳೂ ಓದು ಬಾರದ ಮನೆಯ ಮಕ್ಕಳಿಗೆ ಕಥೆಯ ರುಚಿ ಹತ್ತಿಸಿದವು. ಆದರೆ ಈ ಏಳಿಗೆ ಎಲ್ಲರಿಗೂ ಸಮನಾಗಿ ಸಲ್ಲಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ದಾವಣಗೆರೆಯ ಹೆಸರನ್ನು ನಾಡಿನ ನಾಲಿಗೆಯ ಮೇಲಿಟ್ಟ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳಲ್ಲಿ ತಂದೆತಾಯಿಯರೊಡನೆ ಮಕ್ಕಳೂ ಬೆಂಕಿಯ ಮುಂದೆ ದುಡಿದರು; ಓದಿನ ಚರಿತ್ರೆಯನ್ನು ಬರೆಯುವಾಗ ಪುಸ್ತಕವೇ ತಲುಪದ ಆ ಬಾಲ್ಯಗಳನ್ನು ಲೆಕ್ಕದಿಂದ ಬಿಡುವುದು ಅನ್ಯಾಯ.

ಸ್ವಾತಂತ್ರ್ಯಾನಂತರ ಮಕ್ಕಳ ಓದಿಗೆ ದೊಡ್ಡ ತಿರುವನ್ನು ಕೊಟ್ಟದ್ದು ಮಾಸಪತ್ರಿಕೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ‘ಚಂದಮಾಮ’ 1949ರ ಜುಲೈಯಿಂದ ಕನ್ನಡದಲ್ಲೂ ಬಂದಿತು. ಕನ್ನಡಿಗ ಚಿತ್ರಕಾರ ಎಂ.ಟಿ.ವಿ. ಆಚಾರ್ಯರು ಅದರ ಬಳಗದಲ್ಲಿದ್ದರು. ಪುಸ್ತಕವನ್ನು ಒಮ್ಮೆ ಕೊಂಡರೆ ಮುಗಿಯಿತು, ಪತ್ರಿಕೆಯಾದರೋ ಪ್ರತಿ ತಿಂಗಳೂ ಬರುತ್ತದೆ, ಕಾಯಿಸುತ್ತದೆ, ಬೇತಾಳನ ಕಥೆ ಈ ಸಲ ಯಾವ ಪ್ರಶ್ನೆಯಲ್ಲಿ ನಿಲ್ಲುವುದೋ ಎಂಬ ಕುತೂಹಲವನ್ನು ಕೇರಿಯ ಮಕ್ಕಳಿಗೆಲ್ಲ ಹಂಚುತ್ತದೆ. ಮನೆಗೆ ತರಿಸುವವರು ಕೆಲವರೇ ಆದರೂ ಒಂದು ಪ್ರತಿ ಹತ್ತಾರು ಕೈ ದಾಟುವುದು ಸಾಮಾನ್ಯವಾಗಿತ್ತು. ಮಕ್ಕಳೇ ಮಕ್ಕಳಿಗೆ ಓದನ್ನು ಸೂಚಿಸುವ ರೂಢಿ ಗಟ್ಟಿಯಾದದ್ದು ಇಂಥ ಪತ್ರಿಕೆಗಳಿಂದ ಎಂದರೆ ತಪ್ಪಾಗದು. ಹಿರಿಯರ ಅಪ್ಪಣೆಗಿಂತ ಗೆಳೆಯನ ಮಾತು ಆ ವಯಸ್ಸಿನಲ್ಲಿ ಬೇಗ ನಾಟುತ್ತದೆ. ಭಾರತವೆಲ್ಲ ಬಲ್ಲ ‘ಅಮರ ಚಿತ್ರಕಥೆ’ಯ ಮೊದಲ ಪುಸ್ತಕಗಳು ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯತ್ನದಿಂದ 1965ರಲ್ಲಿ ಕನ್ನಡದಲ್ಲೇ ಹೊರಬಂದವು, ಇಂಗ್ಲಿಷಿನ ಮಾಲೆ ಆಮೇಲಿನದು ಎಂಬ ಸಂಗತಿಯನ್ನೂ ಇಲ್ಲಿ ನೆನೆಯಬೇಕು.

ಹದಿಹರೆಯದವರ ಓದು, ಅಂದರೆ ಮಕ್ಕಳ ಕಥೆ ಸಪ್ಪೆಯೆನಿಸಿ ದೊಡ್ಡವರ ಕಾದಂಬರಿ ಇನ್ನೂ ದೂರವಿರುವ ಹದಿಮೂರು–ಹದಿನೆಂಟರ ನಡುವಿನವರ ಓದು, ಕನ್ನಡದಲ್ಲಿ ಬಹುಕಾಲ ಹೆಸರಿಲ್ಲದೆಯೇ ನಡೆಯಿತು. ಆ ಜಾಗವನ್ನು ತುಂಬಿದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳೂ, ದಿನಬಾಡಿಗೆಗೆ ಪುಸ್ತಕ ಕೊಡುವ ಖಾಸಗಿ ವಾಚನಾಲಯಗಳೂ, ಈ ಸೀಮೆಯ ಮಟ್ಟಿಗೆ ಮುಖ್ಯವಾಗಿ ತ.ರಾ.ಸು. ಅವರ ಐತಿಹಾಸಿಕ ಕಾದಂಬರಿಗಳೂ. 1920ರಲ್ಲಿ ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ ಹುಟ್ಟಿದ ತ.ರಾ. ಸುಬ್ಬರಾಯರು ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ಮರಣೋತ್ತರವಾಗಿ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ದವರೆಗೆ ಬರೆದರು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಎರಡೂ ಊರುಗಳು ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದುದರಿಂದ ಇಲ್ಲಿನ ಎಳೆಯ ಓದುಗರಿಗೆ ಕಾದಂಬರಿಯಲ್ಲಿ ಕಂಡ ಚಿತ್ರದುರ್ಗದ ಕೋಟೆ ಶಾಲಾ ಪ್ರವಾಸದಲ್ಲಿ ಹತ್ತಿ ಇಳಿಯಬಹುದಾದ ಕೋಟೆಯಾಗಿತ್ತು. ಈ ಕಾದಂಬರಿಗಳು ಎಳೆಯರಿಗೆಂದು ಬರೆದವಲ್ಲ, ಒಳಸಂಚು–ರಕ್ತಪಾತಗಳು ಅವುಗಳಲ್ಲಿ ಧಾರಾಳವಾಗಿವೆ. ಆದರೂ ದೀರ್ಘವಾದ ಗದ್ಯವನ್ನು ಪಟ್ಟು ಹಿಡಿದು ಓದುವ ಅಭ್ಯಾಸವನ್ನು ಅವುಗಳಷ್ಟು ಚೆನ್ನಾಗಿ ಕಲಿಸುವ ಕನ್ನಡ ಪುಸ್ತಕಗಳು ವಿರಳ. ಹದಿನೈದು ದಾಟಿದವರಿಗೆ ಅವನ್ನು ಕೊಡಲು ಹಿರಿಯರು ಹಿಂಜರಿಯಬೇಕಾಗಿಲ್ಲ.

1970ರ ದಶಕವನ್ನು ಕನ್ನಡ ಮಕ್ಕಳ ಪುಸ್ತಕಗಳ ಸಮೃದ್ಧಿಯ ಕಾಲವೆನ್ನಬಹುದು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು 510 ಕಿರುಹೊತ್ತಗೆಗಳ ‘ಭಾರತ ಭಾರತಿ’ ಮಾಲೆಯನ್ನು ತಂದಿತು, ನಿರಂಜನರು ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ ಏಳು ಸಂಪುಟಗಳನ್ನು ಸಂಪಾದಿಸಿದರು, 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಆರಂಭವಾಯಿತು. ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ವರ್ಷಕ್ಕಾಗುವಷ್ಟು ಕಥೆಗಳನ್ನು ಕೂಡಿಸಿದ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’, ರಾತ್ರಿ ಮಲಗುವ ಮುನ್ನ ಮಗುವಿಗೆ ಏನು ಓದಿ ಹೇಳಬೇಕೆಂಬ ತಂದೆತಾಯಿಯರ ತೊಡಕನ್ನೇ ನೀಗಿಸಿತು. ಸೋವಿಯತ್ ದೇಶದಿಂದ ಬಂದ ಬಣ್ಣದ ಚಿತ್ರಗಳ ಅನುವಾದಗಳನ್ನು ನವಕರ್ನಾಟಕ ಪ್ರಕಾಶನವು ಅಗ್ಗದ ಬೆಲೆಗೆ ಊರೂರಿಗೆ ಮುಟ್ಟಿಸಿತು.

ಇಷ್ಟೆಲ್ಲ ಬಂದರೂ ಕೊಳ್ಳಲಾಗದವರಿಗೆ ಆಸರೆ ಸಾರ್ವಜನಿಕ ಗ್ರಂಥಾಲಯವೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1966ರ ನವೆಂಬರ್ 1ರಿಂದ ಜಾರಿಗೆ ಬಂದು, ಮನೆ ಮತ್ತು ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಸಂಗ್ರಹಿಸಿ ಅದರಿಂದಲೇ ಗ್ರಂಥಾಲಯಗಳನ್ನು ನಡೆಸುವ ಏರ್ಪಾಟನ್ನು ಮಾಡಿತು. ದಾವಣಗೆರೆಯ ಒಬ್ಬ ಮನೆಯೊಡೆಯ ಕಟ್ಟುವ ಕಂದಾಯದಲ್ಲಿ ಊರಿನ ಮಗುವಿನ ಪುಸ್ತಕದ ಪಾಲೂ ಸೇರಿದೆ ಎಂಬುದು ಈ ಕಾಯಿದೆಯ ತಿರುಳು. ಆದರೆ ಕರದ ಹಣ ಕೊಳ್ಳುವುದು ಪುಸ್ತಕವನ್ನು. ಅದನ್ನು ಬೀರುವಿನಿಂದ ತೆಗೆದು, ಧೂಳು ಒರೆಸಿ, ಎದುರಿಗೆ ನಿಂತ ಮಗುವಿನ ವಯಸ್ಸು, ಮನೆಮಾತು, ಆಸಕ್ತಿಗಳನ್ನು ಅಳೆದು ಕೊಡುವ ವ್ಯವಧಾನವನ್ನು ಅದು ಕೊಳ್ಳಲಾರದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮೇಜು ಒದಗಿಸುವುದರಲ್ಲೇ ನಗರ ಗ್ರಂಥಾಲಯಗಳು ತೃಪ್ತಿಪಟ್ಟರೆ ಮಕ್ಕಳ ವಿಭಾಗ ಹೆಸರಿಗೆ ಮಾತ್ರ ಉಳಿಯುತ್ತದೆ. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ದಾವಣಗೆರೆಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಂಥ ಹಬ್ಬಗಳು ಪುಸ್ತಕವನ್ನು ಮಕ್ಕಳ ಕಣ್ಣಿಗೆ ತಂದವು ನಿಜ, ವರ್ಷದ ಉಳಿದ ದಿನಗಳ ಹೊಣೆಯನ್ನು ಹಬ್ಬ ಹೊರಲಾರದು.

ಈ ಕೊರತೆಯನ್ನು ತುಂಬುವ ಒಂದು ಗಂಭೀರ ಪ್ರಯತ್ನ ಹಳ್ಳಿಗಳ ಕಡೆಯಿಂದ ಬಂದಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಬಳಿಕ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ ರಾಜ್ಯದಾದ್ಯಂತ ಆರಂಭವಾಯಿತು. ದಾವಣಗೆರೆ, ಹರಿಹರ ತಾಲ್ಲೂಕುಗಳ ಪಂಚಾಯಿತಿಗಳೂ ಇದರ ವ್ಯಾಪ್ತಿಯಲ್ಲಿವೆ. ಇಲ್ಲಿ ಪುಸ್ತಕವನ್ನು ಆರಿಸಿ ಕೊಡುವವರು, ಬಹುಕಾಲ ಅಲ್ಪ ಗೌರವಧನದ ಮೇಲೆ ದುಡಿಯುತ್ತ ಬಂದ ಗ್ರಂಥಾಲಯ ಮೇಲ್ವಿಚಾರಕರು. ಅವರ ಕೈಗೆ ಇಂದು ಸಿಗಬಹುದಾದ ಪುಸ್ತಕಗಳು ಬಡವಾಗಿಲ್ಲ. ಗಾಂಧಿಯವರ ಬದುಕನ್ನು ಎಳೆಯರಿಗೆ ಹೇಳುವ, 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಇದೆ. ಮರುವರ್ಷ ಅದೇ ಪುರಸ್ಕಾರ ಪಡೆದ, ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರಿನ ಸುತ್ತ ಹೆಣೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಇದೆ. ಭದ್ರಾ ಜಲಾಶಯದ ನಾಲೆಯ ನೀರಿನಿಂದ ಭತ್ತ ಬೆಳೆಯುವ ಈ ಸೀಮೆಯ ಹದಿಹರೆಯದವರಿಗೆ, ಅಣೆಕಟ್ಟೊಂದು ಎದ್ದಾಗ ಹಿನ್ನೀರಿನಲ್ಲಿ ಏನೇನು ಮುಳುಗುತ್ತದೆ ಎಂಬುದನ್ನು ತೋರಿಸುವ ಈ ಕಾದಂಬರಿಯನ್ನು ಪಂಚಾಯಿತಿಯ ಪ್ರತಿಯೊಂದು ಗ್ರಂಥಾಲಯವೂ ಮೊದಲ ಸಾಲಿನಲ್ಲಿಡುವುದು ತಕ್ಕದ್ದು.