ಎಳೆಗೂಸನ್ನು ಬಟ್ಟೆಯ ಕ್ಯಾರಿಯರ್‌ನಲ್ಲಿ ಹಿತವಾಗಿ ಕೂರಿಸುವ ಕ್ರಮ



ಹೊಸೂರು, ಕೃಷ್ಣಗಿರಿ ಬಸ್ ನಿಲ್ದಾಣಗಳಲ್ಲಿ ಈಗ ಅನೇಕ ತಂದೆತಾಯಿಯರು ಮಗುವನ್ನು ಎದೆಗೆ ಕಟ್ಟಿಕೊಂಡು ಓಡಾಡುವುದನ್ನು ನೋಡುತ್ತೇವೆ. ಈ ಬಟ್ಟೆಯ ಕ್ಯಾರಿಯರ್ ಜೊತೆ ಬರುವ ಸೂಚನೆಯ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮನೆಯ ಹಿರಿಯರಾದ ನಾವು ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ.

ನಾನೂ ಹಾಗೆಯೇ ಮಾಡಿದ್ದೆ. ಎರಡು ತಿಂಗಳ ಮೊಮ್ಮಗಳನ್ನು ಕಟ್ಟಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಅಳು ನಿಂತಿತು, ನಿದ್ದೆ ಹತ್ತಿತೆಂದು ಹಿಗ್ಗಿದೆ. ನಮ್ಮ ಮನೆಯವರು ಬಂದು ನೋಡಿದರೆ ಕೂಸಿನ ಗದ್ದ ಎದೆಗೆ ಒತ್ತಿಕೊಂಡು ಉಸಿರು ಗೊರಗೊರ ಎನ್ನುತ್ತಿತ್ತು. ಎತ್ತಿ ನೆಟ್ಟಗೆ ಹಿಡಿದ ಕೂಡಲೇ ಸರಿಹೋಯಿತು. ಮಗು ಸುಮ್ಮನಾಯಿತೆಂದರೆ ಹಿತವಾಗಿದೆ ಎಂದೇ ಅರ್ಥವಲ್ಲ, ಮುಖ ನೋಡಬೇಕು ಎಂಬುದನ್ನು ಅಂದು ಕಲಿತೆ.

ಕಾರಣ ಏನು?

ಮೊದಲ ನಾಲ್ಕು ತಿಂಗಳು ಕೂಸಿನ ಕುತ್ತಿಗೆ ಸರಿಯಾಗಿ ನಿಲ್ಲುವುದಿಲ್ಲ. ಉಸಿರಿನ ನಾಳ ಸಣ್ಣದು, ಮೆತ್ತನೆಯದು. ಗದ್ದ ಎದೆಗೆ ಬಗ್ಗಿದರೆ ಅದು ಮಡಚಿಕೊಳ್ಳುತ್ತದೆ. ಆಗ ಕೂಸಿಗೆ ಅಳಲೂ ಆಗುವುದಿಲ್ಲ. ಹೆಗಲಿಗೆ ಜೋತುಬಿಡುವ ಜೋಳಿಗೆಯಂಥ ಕ್ಯಾರಿಯರ್‌ಗಳಲ್ಲಿ ಈ ಭಯ ಹೆಚ್ಚು. ಅವುಗಳಿಂದ 20 ವರ್ಷಗಳಲ್ಲಿ ಕನಿಷ್ಠ 14 ಶಿಶುಗಳು ತೀರಿಕೊಂಡಿವೆ, ಅವುಗಳಲ್ಲಿ 12 ನಾಲ್ಕು ತಿಂಗಳೊಳಗಿನವು ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರಲ್ಲಿ ಎಚ್ಚರಿಸಿತು.

ಕಟ್ಟಿಕೊಳ್ಳುವ ಮುನ್ನ

1. ಚೀಟಿಯಲ್ಲಿರುವ ಕನಿಷ್ಠ ತೂಕವನ್ನು ಮಗುವಿನ ತೂಕದೊಂದಿಗೆ ಹೋಲಿಸಿ ನೋಡಿ.
2. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಶೀತವಾಗಿರುವ ಮಗುವಾದರೆ ವೈದ್ಯರನ್ನು ಕೇಳದೆ ಬಳಸಬೇಡಿ.
3. ಹಾಲು ಕುಡಿಸಿ, ತೇಗು ಬರಿಸಿ, ಒದ್ದೆ ಬಟ್ಟೆ ಬದಲಿಸಿ. ಹಸಿದು ಅಳುವ ಮಗುವನ್ನು ಕಟ್ಟಲು ಹೋದರೆ ಇಬ್ಬರಿಗೂ ಪೇಚಾಟ.
4. ಮೊದಲ ಸಲ ಮಂಚದ ಬಳಿ ನಿಂತು, ಇನ್ನೊಬ್ಬರ ಸಹಾಯದಿಂದ ಕಟ್ಟಿ.

ಕೂರಿಸುವ ಕ್ರಮ

1. ಮಗು ನೆಟ್ಟಗೆ, ನಿಮ್ಮ ಎದೆಗೆ ಮುಖಮಾಡಿ ಇರಲಿ. ಕತ್ತು ಬಲಿಯುವ ತನಕ ಹೊರಮುಖವಾಗಿ ಕೂರಿಸಬೇಡಿ.
2. ತಲೆ ನೀವು ಬಗ್ಗಿ ಮುತ್ತಿಡುವಷ್ಟು ಹತ್ತಿರವಿರಲಿ. ಮೂಗು, ಬಾಯಿ ಸದಾ ಕಾಣುತ್ತಿರಲಿ. ಸೆರಗು, ಶಾಲು ಮುಖದ ಮೇಲೆ ಬೀಳಬಾರದು.
3. ಗದ್ದಕ್ಕೂ ಎದೆಗೂ ನಡುವೆ ಕನಿಷ್ಠ ಒಂದು ಬೆರಳಿನ ಅಂತರವಿರಲಿ.
4. ಮಗು ಕುಸಿಯದಷ್ಟು ಬಿಗಿಯಾಗಿ ಕಟ್ಟಿ. ಸಡಿಲವಾದರೆ ಬೆನ್ನು ಬಾಗಿ ಗದ್ದ ಕೆಳಗೆ ಬೀಳುತ್ತದೆ.
5. ಕಾಲುಗಳು ಕಪ್ಪೆಯ ಕಾಲಿನಂತೆ ಅಗಲವಾಗಿ, ಮಂಡಿಗಳು ಕುಂಡೆಗಿಂತ ತುಸು ಮೇಲಿರಲಿ. ಕತ್ತು ನಿಂತ ಮಗುವನ್ನು ನಮ್ಮ ತಾಯಂದಿರು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದಾಗಲೂ ಕಾಲು ಹೀಗೆಯೇ ಇರುತ್ತಿತ್ತು. ಸೊಂಟದ ಕೀಲಿಗೆ ಇದು ಒಳ್ಳೆಯದು.

ಕಟ್ಟಿದ ಮೇಲೆ ನಿಂತಲ್ಲೇ ನಿಲ್ಲದೆ ಮೆಲ್ಲಗೆ ನಡೆಯಿರಿ. ಮೊದಲ ದಿನ ಐದು ಹತ್ತು ನಿಮಿಷ ಸಾಕು, ದಿನೇದಿನೇ ಹೆಚ್ಚಿಸಿ. ಅಳು ನಿಲ್ಲದಿದ್ದರೆ ಹೊರತೆಗೆಯಿರಿ, ನಾಳೆ ನೋಡಿದರಾಯಿತು. ಕೃಷ್ಣಗಿರಿಯ ಬಿಸಿಲಿಗೆ ತೆಳು ಅಂಗಿಯೊಂದೇ ಸಾಕು. ಹೊಸೂರಿನ ಚಳಿಗೂ ಹೊದಿಕೆ ಹೇರಬೇಡಿ, ಕ್ಯಾರಿಯರ್ ಬಟ್ಟೆ ಮತ್ತು ನಿಮ್ಮ ಮೈಶಾಖ ಲೆಕ್ಕದಲ್ಲಿರಲಿ. ಆಗಾಗ ಹಿಂಗತ್ತು ಮುಟ್ಟಿ, ಬೆವರಿದ್ದರೆ ತೆಗೆಯಿರಿ.

ಬೇಡವೇ ಬೇಡ

ಕ್ಯಾರಿಯರ್‌ನಲ್ಲಿ ಮಗುವಿರುವಾಗ ಸ್ಕೂಟರ್, ಬೈಕ್ ಬೇಡ. ಒಲೆಯ ಮುಂದೆ ನಿಲ್ಲುವುದು, ಬಿಸಿ ಕಾಫಿ ಕುಡಿಯುವುದು ಬೇಡ. ಕಾರಿನಲ್ಲಿ ಇದು ಮಗುವಿನ ಸೀಟಿಗೆ ಬದಲಿಯಲ್ಲ. ನೀವು ತೂಕಡಿಸುವಂತಿದ್ದರೆ ಮಗುವನ್ನು ಬಿಚ್ಚಿ ಬೆನ್ನ ಮೇಲೆ ಮಲಗಿಸಿ. ಮಗುವಿನ ಉಸಿರು ಗೊರಗೊರ ಎಂದರೆ ಕೂಡಲೇ ಹೊರತೆಗೆಯಿರಿ. ಸರಿಹೋಗದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ತಡಮಾಡದೆ 108ಕ್ಕೆ ಕರೆಮಾಡಿ. ಗಡಿಯ ಈಚೆಗೂ ಆಚೆಗೂ ಅದೇ ಸಂಖ್ಯೆ.

ಇಷ್ಟೆಲ್ಲ ಓದಿ ಯಾರೂ ಹೆದರಬೇಕಾಗಿಲ್ಲ. ಎದೆಗೆ ಹತ್ತಿರವಿಟ್ಟುಕೊಳ್ಳುವುದು ಕೂಸಿಗೆ ಒಳ್ಳೆಯದೇ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ, ತೂಕ ಕಡಿಮೆಯ ಶಿಶುಗಳನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇರಿಸುವ ಕಾಂಗರೂ ಆರೈಕೆ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಇಂದು ಅದನ್ನೇ ಶಿಫಾರಸು ಮಾಡುತ್ತದೆ. ಆದರೆ ಅದು ದಾದಿಯರಿಂದ ಕಲಿತು ಮಾಡುವ ಆರೈಕೆ. ಅಂಗಡಿಯ ಕ್ಯಾರಿಯರ್ ಅದಕ್ಕೆ ಬದಲಿಯಲ್ಲ.

ಮನೆಯಲ್ಲಿ ಎಳೆಗೂಸಿರುವ ಸದಸ್ಯರು ಇದನ್ನು ಅಜ್ಜ ಅಜ್ಜಿಯರಿಗೂ ಓದಿ ಹೇಳಬೇಕೆಂದು ಕೋರಿಕೆ.

ಇಂತಿ,
ಕಾರ್ಯದರ್ಶಿ