ನೋಡಿಕೊಳ್ಳುವವರು ಯಾರು? – ಒಂದು ವ್ಯಾಖ್ಯೆಯ ಚರಿತ್ರೆ

ಯಾರಾದರೂ ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ಬಂದರೆ ನಮ್ಮ ಕಡೆಯ ಹಿರಿಯರು ರೋಗದ ಹೆಸರನ್ನು ಕೇಳುವ ಮೊದಲೇ ಕೇಳುವ ಮಾತೊಂದಿದೆ: "ನೋಡಿಕೊಳ್ಳುವವರು ಯಾರಿದ್ದಾರೆ?" ಊರು ಬಿಟ್ಟು ಈ ದೆಹಲಿಯ ಸರಕಾರಿ ವಸತಿಗಳಲ್ಲಿ ಬೇರೂರಿದ ನಮ್ಮಂಥವರಿಗೆ ಈ ಪ್ರಶ್ನೆಯ ಭಾರ ಚೆನ್ನಾಗಿ ಗೊತ್ತು. ಅಣ್ಣತಮ್ಮಂದಿರು ಒಂದೂರಿನಲ್ಲಿ, ಮಕ್ಕಳು ಇನ್ನೊಂದು ದೇಶದಲ್ಲಿ. ಕೊನೆಗೆ ರಾತ್ರಿ ಎದ್ದು ನೀರು ಕೊಡುವವರು ಪಕ್ಕದ ಮನೆಯವರು.

ಇಷ್ಟು ಸಾದಾ ಪ್ರಶ್ನೆಗೆ ಕಾನೂನಿನ ಉತ್ತರ ಹುಡುಕಲು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯಕ್ಕೆ 12 ವರ್ಷಗಳು ಬೇಕಾದವು ಎಂದರೆ ಓದುಗರಿಗೆ ಸೋಜಿಗವೆನಿಸಬಹುದು. ಆ ಹುಡುಕಾಟ ನಡೆದುದು ಗಾಂಜಾ ಗಿಡದ ಸುತ್ತ. ಗಾಂಜಾ ಎಂದೊಡನೆ ಹುಬ್ಬು ಗಂಟಿಕ್ಕುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಅದರ ಪರವಾಗಿ ವಕಾಲತ್ತು ವಹಿಸುವುದು ನಮ್ಮ ಉದ್ದೇಶವಲ್ಲ. ಕಚೇರಿಯಲ್ಲಿ ನಿಯಮಗಳನ್ನು ಓದಿ ಟಿಪ್ಪಣಿ ಬರೆಯುವುದೇ ಕಸುಬಾಗಿರುವ ನಮಗೆ, ಒಂದು ಪದದ ವ್ಯಾಖ್ಯೆ ಎಷ್ಟು ಮಂದಿಯ ಬಾಳನ್ನು ಅತ್ತಿತ್ತ ಮಾಡಬಲ್ಲದು ಎಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ಕಲ್ಕತ್ತೆಯಿಂದ ವಾಷಿಂಗ್ಟನ್ನಿಗೆ

ಈ ಕಥೆಯ ಬುಡ ನಮ್ಮ ದೇಶದಲ್ಲೇ ಇದೆ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ವಿಲಿಯಂ ಬ್ರೂಕ್ ಓಶಾನೆಸಿಯವರು ಇಲ್ಲಿನ ವೈದ್ಯರು ಬಳಸುತ್ತಿದ್ದ ಗಾಂಜಾವನ್ನು ಪ್ರಾಣಿಗಳ ಮೇಲೂ ಆಮೇಲೆ ರೋಗಿಗಳ ಮೇಲೂ ಪರೀಕ್ಷಿಸಿ 1839ರಲ್ಲಿ ಪ್ರಬಂಧ ಬರೆದರು. ಧನುರ್ವಾಯುವಿನ ಸೆಡೆತ, ಸಂಧಿವಾತ, ಎಳೆಗೂಸುಗಳ ಅಪಸ್ಮಾರ ಇವುಗಳಲ್ಲಿ ಕಂಡ ಫಲವನ್ನು ದಾಖಲಿಸಿದರು. ಮುಂದೆ ಭಾರತದಲ್ಲಿ ತಂತಿ ಕಂಬಗಳನ್ನು ನೆಡಿಸಿದವರೂ ಇವರೇ. ಇವರ ಪ್ರಬಂಧದಿಂದಾಗಿ ಗಾಂಜಾದ ಅರಿಷ್ಟ ಯೂರೋಪು ಮತ್ತು ಅಮೆರಿಕದ ಔಷಧಾಲಯಗಳ ಕಪಾಟು ಸೇರಿತು.

ಅಮೆರಿಕದಲ್ಲಿ ಅದು ಕಪಾಟಿನಿಂದ ಇಳಿದುದು 20ನೆಯ ಶತಮಾನದಲ್ಲಿ. 1937ರ ತೆರಿಗೆ ಶಾಸನ ಅದರ ಬಳಕೆಗೆ ಕಡಿವಾಣ ಹಾಕಿತು. ಆಗ ಅಲ್ಲಿನ ವೈದ್ಯ ಸಂಘದ ಪರವಾಗಿ ಡಾ. ವಿಲಿಯಂ ವುಡ್‌ವರ್ಡ್ ಸಂಸತ್ ಸಮಿತಿಯ ಮುಂದೆ ಆಕ್ಷೇಪಿಸಿದರೂ ಕಿವಿಗೊಡುವವರಿರಲಿಲ್ಲ. 1942ರ ಹೊತ್ತಿಗೆ ಅದು ಅಧಿಕೃತ ಔಷಧ ಸೂಚಿಯಿಂದ ಹೊರಬಿದ್ದಿತು. 1970ರ ನಿಯಂತ್ರಿತ ವಸ್ತುಗಳ ಶಾಸನ ಅದನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. ಎಂದರೆ, ದುರುಪಯೋಗದ ಸಂಭವ ಹೆಚ್ಚು, ವೈದ್ಯಕೀಯ ಉಪಯೋಗ ಇಲ್ಲವೇ ಇಲ್ಲ ಎಂಬ ಷರಾ. ವಿಚಿತ್ರವೆಂದರೆ, ಆ ಗಿಡದ ಮುಖ್ಯ ರಾಸಾಯನಿಕವಾದ ಟಿಎಚ್‌ಸಿಯನ್ನು ಇಸ್ರೇಲಿನ ವಿಜ್ಞಾನಿಗಳಾದ ರಫೇಲ್ ಮೆಕೂಲಂ ಮತ್ತು ಯೆಹಿಯೇಲ್ ಗಾವೋನಿ ಬೇರ್ಪಡಿಸಿ ತೋರಿಸಿ ಆಗಿನ್ನೂ ಆರೇ ವರ್ಷಗಳಾಗಿದ್ದವು. ವಿಜ್ಞಾನ ಕಣ್ಣು ತೆರೆಯುವ ಹೊತ್ತಿಗೆ ಕಾನೂನು ಬಾಗಿಲು ಹಾಕಿತ್ತು.

ಒಬ್ಬ ಮೇಷ್ಟ್ರು, ಒಬ್ಬ ಅಜ್ಜಿ

ಬಾಗಿಲು ತಟ್ಟಿದ ಮೊದಲಿಗರಲ್ಲಿ ರಾಬರ್ಟ್ ರ‍್ಯಾಂಡಲ್ ಒಬ್ಬರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರಿಗೆ ಗ್ಲಾಕೋಮ, ಎಂದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋಗುವ ರೋಗ. ಗಾಂಜಾ ಸೇದಿದಾಗ ಒತ್ತಡ ಇಳಿಯುವುದನ್ನು ಕಂಡ ಅವರು ಮನೆಯಲ್ಲೇ ನಾಲ್ಕಾರು ಗಿಡ ಬೆಳೆಸಿದರು. 1975ರಲ್ಲಿ ವಾಷಿಂಗ್ಟನ್ನಿನ ಪೊಲೀಸರು ಹಿಡಿದರು. 1976ರಲ್ಲಿ ನ್ಯಾಯಾಲಯ, ಕಣ್ಣು ಉಳಿಸಿಕೊಳ್ಳುವ ಅನಿವಾರ್ಯತೆಯಿಂದ ಮಾಡಿದ್ದು ಅಪರಾಧವಲ್ಲವೆಂದು ಅವರನ್ನು ಬಿಟ್ಟಿತು. ಅಷ್ಟೇ ಅಲ್ಲ, ಮಿಸಿಸಿಪಿ ವಿಶ್ವವಿದ್ಯಾನಿಲಯದ ಸರಕಾರಿ ತೋಟದಲ್ಲಿ ಬೆಳೆದ ಗಾಂಜಾವನ್ನು ಕೇಂದ್ರ ಸರಕಾರವೇ ಅವರಿಗೆ ಒದಗಿಸಬೇಕಾಯಿತು. ಒಂದು ಕೈಯಲ್ಲಿ 'ಉಪಯೋಗವಿಲ್ಲ' ಎಂಬ ಷರಾ, ಇನ್ನೊಂದು ಕೈಯಲ್ಲಿ ಔಷಧದ ಡಬ್ಬಿ! ಏಡ್ಸ್ ರೋಗಿಗಳ ಅರ್ಜಿಗಳು ರಾಶಿ ಬೀಳತೊಡಗಿದಾಗ, 1992ರಲ್ಲಿ, ಸರಕಾರ ಹೊಸಬರಿಗೆ ಆ ಯೋಜನೆಯನ್ನು ಮುಚ್ಚಿತು. ಒಳಗಿದ್ದ ಬೆರಳೆಣಿಕೆಯ ರೋಗಿಗಳಿಗೆ ಮಾತ್ರ ಸರಬರಾಜು ಮುಂದುವರಿಯಿತು.

ಇನ್ನೊಬ್ಬರು ಮೇರಿ ರ‍್ಯಾತ್‌ಬನ್. 1922ರಲ್ಲಿ ಹುಟ್ಟಿದ ಈಕೆ ಹೋಟೆಲುಗಳಲ್ಲಿ ಬಡಿಸಿ ಜೀವನ ಸಾಗಿಸಿದವರು. ಒಬ್ಬಳೇ ಮಗಳನ್ನು ಅಪಘಾತದಲ್ಲಿ ಕಳೆದುಕೊಂಡವರು. ಗಾಂಜಾ ಬೆರೆಸಿದ 'ಬ್ರೌನಿ' ಎಂಬ ಸಿಹಿತಿಂಡಿ ಮಾಡಿ ಮಾರುತ್ತಿದ್ದುದಕ್ಕೆ 1981ರಲ್ಲಿ ಸಿಕ್ಕಿಬಿದ್ದಾಗ ನ್ಯಾಯಾಲಯ 500 ಗಂಟೆಗಳ ಸಮಾಜಸೇವೆ ವಿಧಿಸಿತು. ಆ ಶಿಕ್ಷೆ ಮುಗಿದರೂ ಈಕೆಯ ಸೇವೆ ನಿಲ್ಲಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಸರಕಾರಿ ಆಸ್ಪತ್ರೆಯ 86ನೆಯ ವಾರ್ಡಿನಲ್ಲಿ, ಮನೆಯವರೇ ಮುಟ್ಟಲು ಹೆದರುತ್ತಿದ್ದ ಏಡ್ಸ್ ರೋಗಿಗಳನ್ನು 'ನನ್ನ ಮಕ್ಕಳು' ಎಂದು ಕರೆದು ನೋಡಿಕೊಂಡರು. ಅನ್ನ ಸೇರದೆ ಸೊರಗುತ್ತಿದ್ದ ಅವರಿಗೆ ಹಸಿವು ಹುಟ್ಟಲೆಂದು ಬ್ರೌನಿಗಳನ್ನು ಹಂಚಿದರು. 1992ರಲ್ಲಿ ಮತ್ತೆ ಬಂಧನವಾಯಿತು. ಆದರೆ ಅದೇ ಆಗಸ್ಟಿನಲ್ಲಿ ಆ ನಗರಸಭೆ ಒಂದು ದಿನವನ್ನು ಇವರ ಹೆಸರಿನಲ್ಲಿ ಆಚರಿಸಿತು. ಮೊಕದ್ದಮೆಯೂ ನಿಲ್ಲಲಿಲ್ಲ. 1999ರಲ್ಲಿ ಮೇರಿ ತೀರಿಕೊಂಡರು.

ಒಂದು ವಾಕ್ಯದ ವ್ಯಾಖ್ಯೆ

ಈ ಹಿನ್ನೆಲೆಯಲ್ಲಿ ಡೆನಿಸ್ ಪೆರಾನ್ ಮೊದಲಾದವರು ಮುಂದಿಟ್ಟ 215ನೆಯ ಪ್ರಸ್ತಾವವನ್ನು ಕ್ಯಾಲಿಫೋರ್ನಿಯದ ಮತದಾರರು 1996ರ ನವೆಂಬರ್ 5ರಂದು ಶೇಕಡಾ 55ಕ್ಕೂ ಮೀರಿದ ಮತಗಳಿಂದ ಅಂಗೀಕರಿಸಿದರು. ವೈದ್ಯರು ಬರೆದೋ ಬಾಯಿಮಾತಿನಲ್ಲೋ ಶಿಫಾರಸು ಮಾಡಿದರೆ ರೋಗಿ ಗಾಂಜಾ ಬೆಳೆಯಬಹುದು, ಇಟ್ಟುಕೊಳ್ಳಬಹುದು. ಹಾಸಿಗೆ ಹಿಡಿದವರು ಗಿಡಕ್ಕೆ ನೀರು ಹಾಕುವುದೆಂತು? ಆದುದರಿಂದ ಅವರ 'ಪ್ರಧಾನ ಶುಶ್ರೂಷಕ'ನಿಗೂ ಅದೇ ರಕ್ಷಣೆ. ಶುಶ್ರೂಷಕನೆಂದರೆ ಯಾರು? ರೋಗಿಯೇ ಗೊತ್ತುಮಾಡಿದ, ಆತನ ವಸತಿ, ಆರೋಗ್ಯ ಅಥವಾ ಸುರಕ್ಷತೆಯ ಹೊಣೆಯನ್ನು ಏಕಪ್ರಕಾರವಾಗಿ ಹೊತ್ತುಕೊಂಡು ಬಂದ ವ್ಯಕ್ತಿ. ಇಷ್ಟೇ ವ್ಯಾಖ್ಯೆ.

ಔಷಧವನ್ನು ಎಲ್ಲಿಂದ ಕೊಳ್ಳಬೇಕು, ಎಷ್ಟು ಇಟ್ಟುಕೊಳ್ಳಬಹುದು, ಒಬ್ಬ ಶುಶ್ರೂಷಕ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಹುದು – ಯಾವುದಕ್ಕೂ ಉತ್ತರವಿರಲಿಲ್ಲ. ಸುರಕ್ಷಿತ ವಿತರಣೆಗೆ ಸರಕಾರಗಳು ಯೋಜನೆ ಮಾಡಲೆಂದು ಒಂದು ಆಶಯವಿತ್ತು, ಅಷ್ಟೆ. ಕಡತಗಳ ನಡುವೆ ಬಾಳಿದವರಿಗೆ ತಿಳಿದಿದೆ, ಆಶಯದ ಮೇಲೆ ಮಂಜೂರಾತಿ ಸಿಗುವುದಿಲ್ಲ.

ಪೆರಾನರ ಕ್ಲಬ್ಬಿಗೆ ಸಾವಿರಾರು ರೋಗಿಗಳು ಸದಸ್ಯರಾಗಿದ್ದರು. ಕ್ಲಬ್ಬೇ ತಮ್ಮ ಶುಶ್ರೂಷಕನೆಂದು ಅವರು ಬರೆದುಕೊಟ್ಟಿದ್ದರು. ಬೇಕಾದಾಗ ಸರಕು ಕೊಡುವ ಅಂಗಡಿ ಶುಶ್ರೂಷಕನಾಗುವುದಿಲ್ಲವೆಂದು 1997ರ ಕೊನೆಯಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 2004ರ ಜನವರಿಯಿಂದ ಜಾರಿಗೆ ಬಂದ ಇನ್ನೊಂದು ಶಾಸನ ಗುರುತಿನ ಚೀಟಿಯ ಏರ್ಪಾಡು ಮಾಡಿತು. ಒಣಗಿದ್ದು 8 ಔನ್ಸು, ಬಲಿತ ಗಿಡ 6 ಅಥವಾ ಎಳೆಯದು 12 ಎಂದು ಲೆಕ್ಕ ಕೊಟ್ಟಿತು. ಬೇರೆ ಜಿಲ್ಲೆಯಲ್ಲಿ ವಾಸಿಸುವ ಶುಶ್ರೂಷಕ ಒಬ್ಬನೇ ರೋಗಿಯನ್ನು ನೋಡಿಕೊಳ್ಳಬಹುದು ಎಂಬಂಥ ಕಟ್ಟುಗಳೂ ಬಂದವು. ಮತದಾರರು ಮಾಡಿದ ಕಾನೂನನ್ನು ಶಾಸಕರು ಹೀಗೆ ಮೊಟಕುಮಾಡಲಾಗದೆಂದು 2010ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಗಿಡಗಳ ಮಿತಿಯ ಬಿಗಿಯನ್ನು ಸಡಿಲಿಸಿತು.

ಮುಖ್ಯ ತೀರ್ಪು ಬಂದುದು 2008ರ ನವೆಂಬರಿನಲ್ಲಿ. ಸಾಂತಾಕ್ರೂಸ್ ಕಡೆಯ ಒಬ್ಬಾತ ಐವರು ರೋಗಿಗಳಿಗಾಗಿ ಗಾಂಜಾ ಬೆಳೆಯುತ್ತಿದ್ದ. ಯಾವ ತಳಿ ಯಾರಿಗೆ ಹಿಡಿಸುತ್ತದೆಂದು ಸಲಹೆ ಕೊಡುತ್ತಿದ್ದ. ಒಬ್ಬಿಬ್ಬರನ್ನು ಆಗೊಮ್ಮೆ ಈಗೊಮ್ಮೆ ವೈದ್ಯರಲ್ಲಿಗೆ ಕರೆದೊಯ್ದಿದ್ದ. ತಾನು ಶುಶ್ರೂಷಕನೆಂದು ಅವನ ವಾದ. ರಾಜ್ಯದ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಶುಶ್ರೂಷೆ ಎಡೆಬಿಡದೆ ನಡೆದಿರಬೇಕು. ಅದು ಗಾಂಜಾ ಒದಗಿಸುವುದಕ್ಕಿಂತ ಬೇರೆಯಾದ ಶುಶ್ರೂಷೆಯಾಗಿರಬೇಕು. ಗಾಂಜಾ ಕೊಡತೊಡಗುವ ಮುಂಚೆಯೋ ಅದೇ ವೇಳೆಗೋ ಆರಂಭವಾಗಿರಬೇಕು – ಹೀಗೆ ಮೂರು ಕಟ್ಟಳೆಗಳನ್ನು ವಿಧಿಸಿತು. ಔಷಧ ತಂದುಕೊಡುವವನು ಶುಶ್ರೂಷಕನಾಗಿಬಿಡುವುದಿಲ್ಲ. ಶುಶ್ರೂಷೆ ಮಾಡುವವನು ಔಷಧವನ್ನೂ ತಂದುಕೊಡಬಹುದು. ತರ್ಕ ನೇರವಾಗಿದೆ. ಆದರೆ ಗಟ್ಟಿಮುಟ್ಟಾದ ಬಂಧುಗಳಿಲ್ಲದೆ ಒಂಟಿಯಾಗಿ ಬದುಕುವ ರೋಗಿ ಏನು ಮಾಡಬೇಕು? ಅದಕ್ಕೆ ತೀರ್ಪಿನಲ್ಲಿ ಉತ್ತರವಿಲ್ಲ.

ರೋಗಿಗಳ ಹಕ್ಕಿಗೂ ಇದೇ ಪಾಡು. ಬೆನ್ನುನೋವಿಗೆ ವೈದ್ಯರ ಶಿಫಾರಸಿನಂತೆ ಗಾಂಜಾ ಬಳಸುತ್ತಿದ್ದ ನೌಕರನೊಬ್ಬನನ್ನು ಪರೀಕ್ಷೆಯಲ್ಲಿ ಅದು ಪತ್ತೆಯಾದುದಕ್ಕಾಗಿ ಕೆಲಸದಿಂದ ತೆಗೆದರು. ಶಾಸನ ಜೈಲಿನಿಂದ ರಕ್ಷಿಸುತ್ತದೆಯೇ ಹೊರತು ನೌಕರಿಯನ್ನು ರಕ್ಷಿಸುವುದಿಲ್ಲವೆಂದು ಅದೇ ನ್ಯಾಯಾಲಯ 2008ರ ಜನವರಿಯಲ್ಲಿ ಹೇಳಿತು.

ಮಿಚಿಗನ್ ರಾಜ್ಯ ಈ ಗೊಂದಲ ಕಂಡೇ ಏನೋ 2008ರಲ್ಲಿ ಅಂಕಿಗಳನ್ನೇ ಬರೆದಿಟ್ಟಿತು: ಒಬ್ಬ ಶುಶ್ರೂಷಕನಿಗೆ ಹೆಚ್ಚೆಂದರೆ ಐವರು ರೋಗಿಗಳು, ರೋಗಿಗೆ 12 ಗಿಡ. ಆದರೂ ಒಬ್ಬ ರೋಗಿ ಇನ್ನೊಬ್ಬನಿಗೆ ಮಾರಬಹುದೇ ಎಂಬ ಪ್ರಶ್ನೆ ಎದ್ದು, ಕೂಡದೆಂದು ಅಲ್ಲಿನ ಸುಪ್ರೀಂ ಕೋರ್ಟು 2013ರಲ್ಲಿ ಹೇಳಬೇಕಾಯಿತು.

ರಾಜ್ಯ ಒಂದು, ಕೇಂದ್ರ ಇನ್ನೊಂದು

ಎಲ್ಲಕ್ಕೂ ಮಿಗಿಲಾದ ಗೊಂದಲ ರಾಜ್ಯಕ್ಕೂ ಕೇಂದ್ರಕ್ಕೂ ಇದ್ದುದು. 2002ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಡಯಾನ್ ಮಾನ್ಸನ್ ಎಂಬ ರೋಗಿಯ ಮನೆಗೆ ಜಿಲ್ಲೆಯ ಪೊಲೀಸರೂ ಕೇಂದ್ರದ ಅಧಿಕಾರಿಗಳೂ ಒಟ್ಟಿಗೆ ಬಂದರು. ಆರು ಗಿಡಗಳಿದ್ದವು. ರಾಜ್ಯದ ಕಾನೂನಿನಂತೆ ಎಲ್ಲವೂ ಸರಿ ಎಂದರು ಜಿಲ್ಲೆಯವರು. ಮೂರು ಗಂಟೆಗಳ ಹಗ್ಗಜಗ್ಗಾಟದ ನಂತರ ಕೇಂದ್ರದವರು ಆರನ್ನೂ ಕಿತ್ತು ನಾಶಮಾಡಿದರು. ಆಕೆಯೂ, ಓಕ್ಲಂಡಿನ ಏಂಜೆಲ್ ರೈಚ್ ಎಂಬ ಇನ್ನೊಬ್ಬ ರೋಗಿಯೂ ದಾವೆ ಹೂಡಿದರು. ರೈಚರಿಗೆ ಗಿಡ ಬೆಳೆದುಕೊಡುತ್ತಿದ್ದ ಇಬ್ಬರು ಶುಶ್ರೂಷಕರೂ ದಾವೆಯಲ್ಲಿ ಸೇರಿದರು – ತಮ್ಮ ನಿಜನಾಮ ಹೇಳದೆ. ರಾಜ್ಯ ಮೆಚ್ಚುವ ಕೆಲಸ ಮಾಡಿದವರು ಕೇಂದ್ರಕ್ಕೆ ಹೆದರಿ ಹೆಸರು ಮರೆಸಿಕೊಳ್ಳಬೇಕಾಯಿತು.

2005ರ ಜೂನ್ 6ರಂದು ಅಮೆರಿಕದ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ಕೇಂದ್ರದ ಪರವಾಗಿ ತೀರ್ಪಿತ್ತಿತು. ಆಧಾರ, 1942ರ ಒಂದು ಗೋಧಿಯ ಮೊಕದ್ದಮೆ! ರೈತ ತನ್ನ ಮನೆಗೆಂದು ಬೆಳೆದ ಗೋಧಿಯೂ ದೇಶದ ಮಾರುಕಟ್ಟೆಯನ್ನು ತಟ್ಟುವುದಾದರೆ, ಮನೆಯ ಗಾಂಜಾವೂ ತಟ್ಟುತ್ತದೆ ಎಂಬ ವಾದ. ಕೇಂದ್ರದ ಹಣವನ್ನು ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನಿಗೆ ಅಡ್ಡಿಮಾಡಲು ಖರ್ಚು ಮಾಡಕೂಡದೆಂದು ಸಂಸತ್ತು 2014ರ ಡಿಸೆಂಬರಿನಲ್ಲಿ ಆಯವ್ಯಯದೊಳಗೆ ಸಾಲೊಂದನ್ನು ಸೇರಿಸಿತು. ಅನುಸೂಚಿ ಬದಲಿಸುವ ಪ್ರಸ್ತಾವವನ್ನು ಕೇಂದ್ರ ಹೊರಡಿಸಿದ್ದು 2024ರ ಮೇ ತಿಂಗಳಲ್ಲಿ. 1976ರಲ್ಲಿ ರ‍್ಯಾಂಡಲ್ ಗೆದ್ದ ಮೇಲೆ 48 ವರ್ಷ!

ನಮ್ಮ ಮನೆಯ ಮಾತು

ನಮ್ಮ ದೇಶವೂ ಇದೇ ದಾರಿಯಲ್ಲಿ ನಡೆದು ಬಂದಿದೆ. ಬ್ರಿಟಿಷ್ ಸರಕಾರ 1893ರಲ್ಲಿ ನೇಮಿಸಿದ ಆಯೋಗ 1193 ಮಂದಿಯ ಸಾಕ್ಷ್ಯ ಪಡೆದು, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂದು ವರದಿ ಮಾಡಿತು. 1985ರ ಮಾದಕ ವಸ್ತುಗಳ ಶಾಸನ ಗಾಂಜಾ ಮತ್ತು ಚರಸ್ಸನ್ನು ನಿಷೇಧಿಸಿತು. ಹೂಗೊನೆಯಿಲ್ಲದ ಬರಿಯ ಎಲೆ ಮತ್ತು ಬೀಜವನ್ನು ವ್ಯಾಖ್ಯೆಯಿಂದ ಬಿಟ್ಟಿತು. ನಮ್ಮವರು ಭಂಗಿ ಎನ್ನುವ ಸೊಪ್ಪು ಹಾಗೆ ನಡುವೆ ಉಳಿಯಿತು. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಅರ್ಜಿಯೊಂದರಲ್ಲಿ, ಭಂಗಿ ಈ ಶಾಸನದಡಿ ನಿಷಿದ್ಧವೆಂದು ತೋರಿಸುವ ಆಧಾರವಿಲ್ಲವೆಂದು ಹೇಳಬೇಕಾಯಿತು. ಶಾಸನ ಬಂದು 37 ವರ್ಷಗಳಾಗಿದ್ದವು.

ಆ ಶಾಸನದ ನಿಜವಾದ ಪೆಟ್ಟು ಬಿದ್ದುದು ಕ್ಯಾನ್ಸರ್ ರೋಗಿಗಳ ನೋವು ನೀಗುವ ಮಾರ್ಫಿನ್ನಿನ ಮೇಲೆ. ಪರವಾನಗಿಗಳ ಸರಮಾಲೆಗೆ ಬೇಸತ್ತು ಔಷಧದಂಗಡಿಗಳೂ ಆಸ್ಪತ್ರೆಗಳೂ ಅದನ್ನು ಇಡುವುದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದ ಬಳಕೆ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಇಳಿಯಿತು. ಅಫೀಮನ್ನು ಸರಕಾರಿ ಪರವಾನಗಿಯಲ್ಲಿ ಬೆಳೆದು ಹೊರದೇಶಗಳಿಗೆ ಮಾರುವ ನಾಡಿನಲ್ಲಿ ಈ ಬರ! 2014ರ ತಿದ್ದುಪಡಿ ದೇಶಕ್ಕೆಲ್ಲ ಒಂದೇ ನಿಯಮ ತಂದು ಹಾದಿ ತೆರೆಯಿತು.

ಈ ತಿದ್ದುಪಡಿಯ ಆಚೀಚೆಯ ವರ್ಷಗಳಲ್ಲೇ ನಮ್ಮ ದೊಡ್ಡಮ್ಮ ನಮ್ಮ ಮನೆಯಲ್ಲಿ ಕ್ಯಾನ್ಸರಿನಿಂದ ಮಲಗಿದ್ದರು. ಮಗ ಮಸ್ಕತ್ತಿನಲ್ಲಿ. ಮಾರ್ಫಿನ್ ಮಾತ್ರೆಗೆ ವೈದ್ಯರು ಚೀಟಿ ಕೊಟ್ಟರು. ಅದನ್ನು ಹಿಡಿದು ಕಿಟಕಿಯ ಮುಂದೆ ನಿಂತಾಗ ಒಳಗಿದ್ದವರು, "ರೋಗಿ ನಿಮಗೆ ಏನಾಗಬೇಕು?" ಎಂದರು. ಮೌಸಿ ಎಂದೆವು. ಅವರ ನಮೂನೆಯಲ್ಲಿ ಗಂಡ, ಹೆಂಡತಿ, ತಾಯಿ, ತಂದೆ, ಮಗ, ಮಗಳು ಎಂಬ ಕಲಮುಗಳಿದ್ದವೇ ಹೊರತು ಮೌಸಿ ಇರಲಿಲ್ಲ. ಮಗನ ಪತ್ರ ತನ್ನಿ ಎಂದು ಕಳುಹಿಸಿದರು. ಪತ್ರ ಬಂದುದು ಮೂರನೆಯ ದಿನ. ಆ ಎರಡು ರಾತ್ರಿ ದೊಡ್ಡಮ್ಮನ ಕೈ ಹಿಡಿದು ಕುಳಿತವರು ಪಕ್ಕದ ಮನೆಯ ಪಂಜಾಬಿ ಹೆಂಗಸು. ಅವರಿಗೆ ಯಾವ ನಮೂನೆಯಲ್ಲೂ ಕಲಮಿಲ್ಲ.

ಕಿಟಕಿಯೊಳಗಿನವರನ್ನು ನಾವು ದೂರುವುದಿಲ್ಲ. ನಾವೂ ಅಂಥದೇ ಕಿಟಕಿಯೊಳಗೆ ಕೂರುವವರು, ವೈದ್ಯಕೀಯ ಬಿಲ್ಲುಗಳಲ್ಲಿ 'ಅವಲಂಬಿತ'ರಲ್ಲವೆಂದು ಷರಾ ಬರೆದು ಎಷ್ಟೋ ಮಂದಿಯನ್ನು ಹಿಂದಕ್ಕೆ ಕಳುಹಿಸಿದವರು. ಅಸ್ಪಷ್ಟ ನಿಯಮದ ಎದುರು ಗುಮಾಸ್ತನಿಗೆ 'ಇಲ್ಲ' ಎನ್ನುವುದೇ ಕ್ಷೇಮ. ಅದರ ಬೆಲೆಯನ್ನು ತೆರುವವರು ಮಾತ್ರ ಕಿಟಕಿಯ ಹೊರಗಿರುತ್ತಾರೆ.

ಹಾಗಾದರೆ ವ್ಯಾಖ್ಯೆಯೇ ಬೇಡವೆ? ಬೇಕು. ಇಲ್ಲದಿದ್ದರೆ ಶುಶ್ರೂಷೆಯ ಹೆಸರಿನಲ್ಲಿ ವ್ಯಾಪಾರ ನಡೆಯುತ್ತದೆಂದು ಕ್ಯಾಲಿಫೋರ್ನಿಯ ತೋರಿಸಿದೆ. ಆದರೆ ಅದು ರೋಗಿಯ ಮಂಚದ ಬಳಿ ಕುಳಿತು ಬರೆದ ವ್ಯಾಖ್ಯೆಯಾಗಿರಬೇಕು. ರೋಗಿ ತಾನೇ ಗೊತ್ತುಮಾಡಿದ ವ್ಯಕ್ತಿ ಎಂಬ ಆ 1996ರ ಮಾತು, ಎಷ್ಟೇ ಅರೆಕೊರೆಯಿದ್ದರೂ, ಆ ಮಟ್ಟಿಗೆ ಸರಿಯಾದ ಕಡೆಯಿಂದ ಹೊರಟಿತ್ತು. ನಮ್ಮ ಭಾಷೆಯಲ್ಲಿ ತಾಯಿಯ ಅಕ್ಕನೂ ಅಮ್ಮನೇ. ನಮೂನೆ ಅಚ್ಚುಹಾಕಿಸುವವರು ಅಷ್ಟನ್ನು ಕೇಳಿ ತಿಳಿದಿದ್ದರೆ ನಮ್ಮ ದೊಡ್ಡಮ್ಮನಿಗೆ ಎರಡು ರಾತ್ರಿಯ ನೋವು ಉಳಿಯುತ್ತಿತ್ತು.