ಕಣ್ಣಿನ ಶಿಬಿರದ ನೆರಳಲ್ಲಿ ಕಿವಿ: ಕಿವಿ ವೈದ್ಯರ ಉಚಿತ ಸೇವೆಯ ಚರಿತ್ರೆಗೆ ಒಂದು ಪ್ರವೇಶ

ಕನ್ನಡ ನಾಡಿನಲ್ಲಿ ವೈದ್ಯಕೀಯ ಶಿಬಿರ ಎಂದರೆ ಬಹುಕಾಲ ಕಣ್ಣಿನ ಶಿಬಿರವೇ ಆಗಿತ್ತು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ, ಶಾಲೆ, ಛತ್ರಗಳಲ್ಲಿ ಸಾಲಾಗಿ ಮಲಗಿಸಿದ ರೋಗಿಗಳ ಪೊರೆ ತೆಗೆದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ಸಾಧನೆ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು. ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿ ಇಂಥ ಹೆಸರು ಒಂದೂ ಇಲ್ಲ. ಈ ವೈದ್ಯರಿಗೆ ಸೇವಾಭಾವ ಕಡಿಮೆ ಎಂದು ಇದಕ್ಕೆ ಅರ್ಥವಲ್ಲ. ಕಾರಣ ಕಿವಿಯ ರಚನೆಯಲ್ಲಿದೆ, ಕಿವಿರೋಗದ ಸ್ವಭಾವದಲ್ಲಿದೆ. ಕಿವಿ ಶಿಬಿರವು ಕಣ್ಣಿನ ಶಿಬಿರವನ್ನು ಅನುಕರಿಸಿ ಶುರುವಾಯಿತು. ಆ ಅನುಕರಣೆ ಪೂರ್ತಿ ಒಗ್ಗದೆ ಹೋದದ್ದರಿಂದಲೇ ಅದು ಸರ್ಜನ್ನರ ಕೈಯಿಂದ ಆರೋಗ್ಯ ಕಾರ್ಯಕರ್ತೆಯರ ಕೈಗೆ ದಾಟಿತು ಎಂಬುದು ಈ ಲೇಖನದ ವಾದ.

ಬಡವರ ಕಿವಿಗೆ ಉಚಿತ ಚಿಕಿತ್ಸೆ ಎಂಬ ಕಲ್ಪನೆ ಹೊಸದಲ್ಲ. ಜಾನ್ ಹ್ಯಾರಿಸನ್ ಕರ್ಟಿಸ್ 1816ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಿವಿರೋಗಗಳಿಗೆಂದೇ ಒಂದು ಧರ್ಮ ಚಿಕಿತ್ಸಾಲಯ ತೆರೆದ. ಅವನ ವೈದ್ಯವಿದ್ಯೆಯ ಬಗ್ಗೆ ಮುಂದಿನ ತಲೆಮಾರಿನ ಕಿವಿ ವೈದ್ಯರಿಗೆ ಅಷ್ಟೇನೂ ಗೌರವವಿರಲಿಲ್ಲ, ಆದರೆ ಅವನು ತೆರೆದ ಬಾಗಿಲು ಉಳಿಯಿತು. ಡಬ್ಲಿನ್ನಿನಲ್ಲಿ ವಿಲಿಯಂ ವೈಲ್ಡ್ 1844ರಲ್ಲಿ ಕಣ್ಣು ಮತ್ತು ಕಿವಿಗೆಂದು ಸೇಂಟ್ ಮಾರ್ಕ್ಸ್ ಆಸ್ಪತ್ರೆ ಕಟ್ಟಿದ. ಸಾಹಿತ್ಯದ ಓದುಗರು ಇವನನ್ನು ಆಸ್ಕರ್ ವೈಲ್ಡ್‌ನ ತಂದೆಯೆಂದು ಬಲ್ಲರು. ನಮ್ಮ ವಿಷಯಕ್ಕೆ ಅವನ ಇನ್ನೊಂದು ಕೆಲಸ ಮುಖ್ಯ. ಐರ್ಲೆಂಡಿನ 1851ರ ಜನಗಣತಿಯಲ್ಲಿ ಕಿವುಡ ಮೂಗರ ಲೆಕ್ಕ ತೆಗೆಯುವ ಹೊಣೆಯನ್ನು ಅವನು ಹೊತ್ತ. ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ನೋಡಿದರೆ ಸಾಲದು, ಬಾರದೆ ಉಳಿದವರು ಎಷ್ಟು ಜನ ಎಂದು ತಿಳಿಯಬೇಕು ಎಂಬ ಆಲೋಚನೆ ಅಲ್ಲಿ ಕಾಣುತ್ತದೆ. ಅದು ಕಿವಿ ವೈದ್ಯಕ್ಕೆ ಗಟ್ಟಿಯಾಗಿ ಮರಳಿ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಅಷ್ಟು ಹೊತ್ತಿಗೂ ಕಿವಿಯ ಶಸ್ತ್ರವಿದ್ಯೆ ಪ್ರಾಣ ಉಳಿಸುವ ವಿದ್ಯೆಯಾಗಿತ್ತೇ ಹೊರತು ಕೇಳಿಸುವ ವಿದ್ಯೆಯಾಗಿರಲಿಲ್ಲ. ಜರ್ಮನಿಯ ಶ್ವಾರ್ಟ್ಸ್ 1873ರಲ್ಲಿ ವಿವರಿಸಿದ, ಕಿವಿಯ ಹಿಂದಿನ ಎಲುಬು ಕೊರೆಯುವ ಶಸ್ತ್ರಚಿಕಿತ್ಸೆಯ ಉದ್ದೇಶ ಕೀವು ಮಿದುಳಿಗೆ ಏರದಂತೆ ತಡೆಯುವುದು. ತೂತಾದ ಕಿವಿತಮಟೆಯನ್ನು ಹೊಲಿಯಲು ಬರುವುದಿಲ್ಲ, ಹೊಸ ಪೊರೆಯನ್ನು ಕಸಿ ಮಾಡಬೇಕು. ಬರಿಗಣ್ಣಿಗೆ ಕಾಣದ ಆ ಕೆಲಸಕ್ಕೆ ಸೂಕ್ಷ್ಮದರ್ಶಕ ಬೇಕು. ಸ್ಟಾಕ್‌ಹೋಮಿನಲ್ಲಿ ನೀಲೆನ್ 1921ರಲ್ಲಿ ಕಿವಿ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕವನ್ನು ಮೊದಲು ಬಳಸಿದ. ಆಪರೇಷನ್ ಥಿಯೇಟರಿನಲ್ಲಿ ಸಲೀಸಾಗಿ ಬಳಸಬಹುದಾದ ಝೈಸ್ ಕಂಪನಿಯ ಸೂಕ್ಷ್ಮದರ್ಶಕ ಬಂದದ್ದು 1953ರಲ್ಲಿ. ಕಿವಿತಮಟೆಯ ಮರುನಿರ್ಮಾಣವನ್ನು ಜರ್ಮನಿಯ ವುಲ್‌ಸ್ಟೈನ್ ಮತ್ತು ಟ್ಸೋಲ್ನರ್ ವ್ಯವಸ್ಥಿತಗೊಳಿಸಿದ್ದೂ ಅದೇ ವರ್ಷಗಳಲ್ಲಿ. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಕಣ್ಣಿನ ಶಿಬಿರದ ಸಂಪ್ರದಾಯ ಬೇರೂರಿದ್ದಾಗ ಕಿವಿಯ ವೈದ್ಯನ ಕೈಯಲ್ಲಿ ಹಳ್ಳಿಗೆ ಒಯ್ಯಬಲ್ಲ ಶಸ್ತ್ರಚಿಕಿತ್ಸೆಯೇ ಇರಲಿಲ್ಲ.

ಒಯ್ಯಬೇಕಾದ ರೋಗವಂತೂ ಧಾರಾಳವಾಗಿತ್ತು. ಜನ ಅದನ್ನು ಕಿವಿ ಸೋರುವುದು ಎನ್ನುತ್ತಾರೆ. ಮಗುವಿಗೆ ನೆಗಡಿಯಾಗಿ, ಮೂಗಿನ ಹಿಂಬದಿಯ ನಳಿಕೆಯಿಂದ ಸೋಂಕು ನಡುಗಿವಿಗೆ ಏರಿ, ತಮಟೆ ಒಡೆದು ಕೀವು ಬರುತ್ತದೆ. ಆಗಲೇ ಚಿಕಿತ್ಸೆ ಸಿಕ್ಕರೆ ವಾಸಿ. ಸಿಗದಿದ್ದರೆ ತೂತು ಹಾಗೇ ಉಳಿದು, ಕೆರೆಯ ನೀರೋ ಬಿಸಿ ಮಾಡಿ ಬಿಟ್ಟ ಎಣ್ಣೆಯೋ ಒಳಹೋಗಿ, ಸೋರುವುದು ವರ್ಷಗಟ್ಟಲೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿಯ ಅಂದಾಜಿನಂತೆ ಪ್ರಪಂಚದಲ್ಲಿ 6.5 ಕೋಟಿಯಿಂದ 33 ಕೋಟಿ ಜನರ ಕಿವಿ ಹೀಗೆ ಸೋರುತ್ತದೆ, ಅವರಲ್ಲಿ ಶೇ. 60ರಷ್ಟು ಜನರಿಗೆ ಗಣನೀಯ ಶ್ರವಣದೋಷವಿದೆ. ಅಂದಾಜಿನ ಎರಡು ತುದಿಗಳ ನಡುವೆ ಐದು ಪಟ್ಟು ಅಂತರವಿರುವುದು ಗಮನಾರ್ಹ. ಈ ರೋಗವನ್ನು ಎಣಿಸಲು ಜಗತ್ತು ಎಷ್ಟು ಉದಾಸೀನ ಮಾಡಿತ್ತು ಎಂಬುದಕ್ಕೆ ಆ ಅಂತರವೇ ಪುರಾವೆ. ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿದ್ದರೆ ಅದನ್ನು ತುರ್ತು ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದು ಪರಿಗಣಿಸಬೇಕೆಂದು ಅದೇ ಸಂಸ್ಥೆ ಹೇಳಿತ್ತು. ಆ ಗೆರೆ ದಾಟಿದ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು.

ಕಿವಿಗೆ ಶಿಬಿರದ ಬಾಗಿಲು ತೆರೆದದ್ದು ಕಣ್ಣಿನ ಕ್ಷೇತ್ರದವರೇ. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ಪ್ರಯೋಗಾಲಯದ ಸ್ಫೋಟದಲ್ಲಿ ದೃಷ್ಟಿ ಕಳೆದುಕೊಂಡ ಸರ್ ಜಾನ್ ವಿಲ್ಸನ್ 1950ರಲ್ಲಿ ಅಂಧತ್ವ ನಿವಾರಣೆಯ ದೊಡ್ಡ ಸಂಸ್ಥೆಯೊಂದನ್ನು ಕಟ್ಟಿದವರು. ತಡೆಯಬಹುದಾದ ಅಂಗವೈಕಲ್ಯವೆಲ್ಲವನ್ನೂ ಒಟ್ಟಿಗೆ ಎದುರಿಸಬೇಕೆಂಬ ಅವರ ಪ್ರಯತ್ನದಿಂದ, ವಿಶ್ವಸಂಸ್ಥೆಯ ಅಂಗಗಳ ಬೆಂಬಲದೊಡನೆ, ಇಂಪ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಅದರ ಭಾರತೀಯ ಶಾಖೆ ಇಂಪ್ಯಾಕ್ಟ್ ಇಂಡಿಯಾ ಫೌಂಡೇಶನ್ ರೈಲ್ವೆ ಇಲಾಖೆಯ ನೆರವಿನಿಂದ 1991ರ ಜುಲೈ 16ರಂದು ಜೀವನ ರೇಖಾ ಎಕ್ಸ್‌ಪ್ರೆಸ್ ಎಂಬ ಆಸ್ಪತ್ರೆ ರೈಲನ್ನು ಹಳಿಗಿಳಿಸಿತು. ಅದರ ಮೊದಲ ತಂಗುದಾಣ ಈಗಿನ ಜಾರ್ಖಂಡಿನ ಖಲಾರಿ. ಪೊರೆ, ಪೋಲಿಯೊ, ಸೀಳುತುಟಿಗಳ ಜೊತೆಗೆ ನಡುಗಿವಿಯ ಶಸ್ತ್ರಚಿಕಿತ್ಸೆಯೂ ಬೋಗಿಯೊಳಗೆ ನಡೆಯಿತು. ಬಾಂಗ್ಲಾದೇಶದಲ್ಲಿ ಇದೇ ಬಳಗ 1999ರಲ್ಲಿ ಜೀಬನ್ ತರಿ ಎಂಬ ತೇಲುವ ಆಸ್ಪತ್ರೆಯನ್ನು ನದಿಗಿಳಿಸಿತು. ಇಡೀ ಆಪರೇಷನ್ ಥಿಯೇಟರನ್ನೇ ರೋಗಿಯ ಊರಿಗೆ ಒಯ್ಯುವ ಈ ಉಪಾಯ ಸೂಕ್ಷ್ಮದರ್ಶಕದ ಸಮಸ್ಯೆಯನ್ನು ಬಗೆಹರಿಸಿತು. ರೈಲು ಹೊರಟುಹೋದ ಮೇಲಿನ ಸಮಸ್ಯೆ ಹಾಗೇ ಉಳಿಯಿತು.

ಆ ಸಮಸ್ಯೆಯನ್ನು ಬಿಡಿಸಿ ನೋಡಬೇಕು. ಪೊರೆ ತೆಗೆದವನ ಕಟ್ಟು ಬಿಚ್ಚಿದಾಗಲೇ ಫಲ ಗೊತ್ತಾಗುತ್ತದೆ, ಅವನು ಎದುರಿಗಿದ್ದವರ ಮುಖ ಗುರುತಿಸುತ್ತಾನೆ. ಕಿವಿಯಲ್ಲಿ ಹಾಗಲ್ಲ. ಕಸಿ ಹಿಡಿಯಿತೋ ಇಲ್ಲವೋ ತಿಳಿಯಲು ವಾರಗಳು ಬೇಕು. ಅಷ್ಟೂ ದಿನ ಕಿವಿಗೆ ನೀರು ತಾಗಬಾರದು, ನೆಗಡಿಯಾಗಬಾರದು, ಔಷಧಿ ತಪ್ಪಬಾರದು. ಶಸ್ತ್ರಚಿಕಿತ್ಸೆಗೆ ಮೊದಲು ಸೋರುವ ಕಿವಿಯನ್ನು ಒಣಗಿಸಿಕೊಳ್ಳುವುದು ಮೇಲು, ಅದಕ್ಕೂ ವಾರಗಳೇ ಬೇಕು. ಒಂದು ಕಿವಿಗೆ ಒಂದು ಗಂಟೆ, ಕೆಲವೊಮ್ಮೆ ಹೆಚ್ಚು, ಹಿಡಿಯುವುದರಿಂದ ದಿನಕ್ಕೆ ನೂರರ ಲೆಕ್ಕದ ಮಾತೇ ಇಲ್ಲ. ಕೇಳುವ ಶಕ್ತಿ ಪೂರ್ತಿ ಮರಳುತ್ತದೆಂಬ ಭರವಸೆಯೂ ಇಲ್ಲ. ದಾನಿಗಳಿಗೆ ತೋರಿಸಲು ಮೊದಲಿನ ಮತ್ತು ನಂತರದ ಚಿತ್ರಗಳೂ ಸಿಗುವುದಿಲ್ಲ.

ವೇಗದ ಶಿಬಿರ ಕಣ್ಣಿಗೂ ಯಾವಾಗಲೂ ಕ್ಷೇಮವಾಗಿರಲಿಲ್ಲ. ಉತ್ತರ ಪ್ರದೇಶದ ಖುರ್ಜಾದಲ್ಲಿ 1986ರ ಏಪ್ರಿಲ್‌ನಲ್ಲಿ ನಡೆದ ಶಿಬಿರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ 84 ಮಂದಿಯ ಕಣ್ಣು ಸೋಂಕಿನಿಂದ ಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ 1989ರಲ್ಲಿ ತೀರ್ಪು ಬಂತು. ಆ ಹೊತ್ತಿಗೆ ಕಿವಿಯ ವೈದ್ಯರು ಶಿಬಿರದ ಕ್ಷೇತ್ರಕ್ಕೆ ಇನ್ನೂ ಕಾಲಿಡುತ್ತಿದ್ದರಷ್ಟೇ.

ಈ ಚರಿತ್ರೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಪಶ್ಚಿಮ ನೇಪಾಳದ ನೇಪಾಲ್‌ಗಂಜ್. ಭಾರತದ ಗಡಿಗೆ ಅಂಟಿಕೊಂಡ ಈ ತರಾಯಿ ಪಟ್ಟಣದಲ್ಲಿ ಬ್ರಿಟನ್ನಿನ ಕಿವಿ ಸರ್ಜನ್ ನೀಲ್ ವೇರ್ ಮತ್ತು ಅವರ ಸಂಗಡಿಗರು ಬ್ರಿನೋಸ್ ಎಂಬ ಸಂಸ್ಥೆಯ ಮೂಲಕ 1980ರ ದಶಕದ ಕೊನೆಯಿಂದ ಕಿವಿ ಶಿಬಿರ ನಡೆಸತೊಡಗಿದರು. ಬ್ರಿಟನ್ನಿನಿಂದ ಸರ್ಜನ್ನರು, ಅರಿವಳಿಕೆ ತಜ್ಞರು, ನರ್ಸುಗಳು ರಜೆ ಹಾಕಿ ಬರುತ್ತಿದ್ದರು. ಬೆಟ್ಟದ ಊರುಗಳಿಂದ ರೋಗಿಗಳು ಇಳಿದು ಬರುತ್ತಿದ್ದರು. ಇಷ್ಟೇ ಆಗಿದ್ದರೆ ಇದು ಇನ್ನೊಂದು ಪರದೇಶಿ ಧರ್ಮಕಾರ್ಯವಾಗುತ್ತಿತ್ತು. ವೇರ್ ತಮ್ಮ ಶಾಸ್ತ್ರದ ಚರಿತ್ರೆಯನ್ನೂ ಬರೆದವರು, ಅವರ ಸಚಿತ್ರ ಇತಿಹಾಸ ಗ್ರಂಥ 1990ರಲ್ಲಿ ಪ್ರಕಟವಾಗಿದೆ. ಅದರ ಗುಣವೋ ಏನೋ, ಈ ತಂಡ ಶಸ್ತ್ರಚಿಕಿತ್ಸೆಯ ಜೊತೆಗೇ ಎಣಿಕೆಗೂ ಕೈ ಹಾಕಿತು.

ನೇಪಾಳದ ಎರಡು ಪ್ರಾಂತಗಳಲ್ಲಿ 15,845 ಜನರ ಕಿವಿ ಪರೀಕ್ಷಿಸಿದ ಆ ಸಮೀಕ್ಷೆ 1993ರಲ್ಲಿ ಪ್ರಕಟವಾಯಿತು. ಶೇ. 16.6ರಷ್ಟು ಜನರಿಗೆ ಶ್ರವಣದೋಷ, ಶೇ. 7.4ರಷ್ಟು ಜನರ ಕಿವಿತಮಟೆಯಲ್ಲಿ ರೋಗದ ಗುರುತು ಎಂದು ಅದು ತಿಳಿಸಿತು. ಪ್ರಾಯಶಃ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಸಂಗತಿ: ತಮಟೆಯ ರೋಗವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆರೋಗ್ಯ ಕೇಂದ್ರದ ಮುಖವನ್ನೇ ನೋಡಿರಲಿಲ್ಲ. ಈ ಅಂಕಿಗಳನ್ನು ಶಿಬಿರದ ವೇಗದೊಡನೆ ಇಟ್ಟು ನೋಡಿದರೆ ಲೆಕ್ಕ ತಾನೇ ಕೈಕೊಡುತ್ತದೆ. ವರ್ಷಕ್ಕೊಂದೆರಡು ಸಲ ಬಂದು ನೂರಾರು ಕಿವಿಗಳನ್ನು ಸರಿಪಡಿಸಿದರೂ ಲಕ್ಷಗಟ್ಟಲೆ ಕಿವಿಗಳು ಉಳಿಯುತ್ತವೆ, ಹೊಸ ಮಕ್ಕಳ ಕಿವಿ ಸೋರುವುದೂ ನಿಲ್ಲುವುದಿಲ್ಲ. ಬ್ರಿನೋಸ್ ಮುಂದೆ ಸ್ಥಳೀಯರನ್ನೇ ಕಿವಿ ಆರೈಕೆಯ ಸಹಾಯಕರನ್ನಾಗಿ ತರಬೇತುಗೊಳಿಸುವ ಕೆಲಸಕ್ಕೆ ತಿರುಗಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕಿವಿಯೊಳಗೆ ನೋಡುವುದು, ಗುಗ್ಗೆ ತೆಗೆಯುವುದು, ಸೋರುವ ಕಿವಿ ಒರೆಸಿ ಹನಿ ಹಾಕುವುದು, ಯಾರನ್ನು ಸರ್ಜನ್ನರ ಬಳಿ ಕಳಿಸಬೇಕೆಂದು ನಿರ್ಧರಿಸುವುದು ಅವರ ಕೆಲಸ. ಶಿಬಿರ ನಿಲ್ಲಲಿಲ್ಲ, ಆದರೆ ಅದು ಸರಪಣಿಯ ಕೊನೆಯ ಕೊಂಡಿಯಾಯಿತು. ಅದೇ ದೇಶದ ಪೋಖರಾದಲ್ಲಿ ಇನ್ನೊಂದು ಸಂಸ್ಥೆ ವರ್ಷಗಟ್ಟಲೆ ದೂರದ ಜಿಲ್ಲೆಗಳಲ್ಲಿ ಕಿವಿ ಶಿಬಿರ ನಡೆಸಿ, ಕೊನೆಗೆ ಕಾಯಂ ಕಿವಿ ಆಸ್ಪತ್ರೆ ಮತ್ತು ತರಬೇತಿ ಕೇಂದ್ರ ಕಟ್ಟುವ ನಿರ್ಧಾರಕ್ಕೆ ಬಂತು.

ಕಾರ್ಯಕರ್ತರ ಕೈಗೆ ಏನು ಕೊಡಬೇಕು ಎಂಬುದೂ ಪರೀಕ್ಷೆಗೊಳಗಾಯಿತು. ಕೀನ್ಯಾದ ಕಿಯಾಂಬು ಜಿಲ್ಲೆಯ 524 ಶಾಲಾಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹತ್ತಿಯಿಂದ ಕಿವಿ ಒರೆಸಿದ್ದಷ್ಟೇ ಆದ ಮಕ್ಕಳಲ್ಲಿ ಹದಿನಾರು ವಾರಗಳ ನಂತರ ಶೇ. 22ರಷ್ಟು ಮಂದಿಯ ಸೋರಿಕೆ ನಿಂತಿತ್ತು. ಏನೂ ಚಿಕಿತ್ಸೆ ಕೊಡದ ಮಕ್ಕಳಲ್ಲೂ ಅಷ್ಟೇ. ಒರೆಸುವುದರ ಜೊತೆಗೆ ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಔಷಧಿ ಸಿಕ್ಕವರಲ್ಲಿ ಅದು ಶೇ. 51. ಅಲ್ಲಿಯವರೆಗೆ ಬಡದೇಶಗಳಿಗೆ ಒರೆಸುವುದೇ ಸಾಕೆಂಬ ಸಲಹೆ ಪ್ರಚಲಿತವಾಗಿತ್ತು. ಬಡವರಿಗೆ ಅಗ್ಗದ್ದು ಸಾಕೆಂಬ ಧೋರಣೆಗೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟ ಪ್ರಯೋಗ ಕಿವಿ ವೈದ್ಯದಲ್ಲಿ ಅಪರೂಪ. ಆದರೂ ಆ ಉತ್ತರದ ಇನ್ನರ್ಧವನ್ನು ಮರೆಯಬಾರದು. ಸೋರಿಕೆ ನಿಂತರೂ ತಮಟೆಯ ತೂತು ಮುಚ್ಚುವ ವಿಷಯದಲ್ಲಿ ಗುಂಪುಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಸರ್ಜನ್ನರ ಅಗತ್ಯ ಹಾಗೇ ಉಳಿಯಿತು.

ಹೊರಗಿನ ತಂಡಗಳಿಂದ ಸ್ಥಳೀಯರ ಕಡೆಗಿನ ಇದೇ ತಿರುವು ಸೀಳುತುಟಿಯ ಕ್ಷೇತ್ರದಲ್ಲೂ ಕಾಣುತ್ತದೆ. 1982ರಲ್ಲಿ ಫಿಲಿಪೀನ್ಸಿನ ಒಂದು ಭೇಟಿಯಿಂದ ಹುಟ್ಟಿದ ಆಪರೇಷನ್ ಸ್ಮೈಲ್ ಹೊರಗಿನ ತಂಡಗಳನ್ನು ಕಳಿಸುವುದರಿಂದ ಶುರುಮಾಡಿತು. 1999ರಲ್ಲಿ ಆರಂಭವಾದ ಸ್ಮೈಲ್ ಟ್ರೇನ್ ಸ್ಥಳೀಯ ಸರ್ಜನ್ನರಿಗೇ ಹಣ ಮತ್ತು ತರಬೇತಿ ಕೊಡುವ ದಾರಿ ಹಿಡಿಯಿತು. ಅಂಗುಳ ಸೀಳಿದ ಮಕ್ಕಳಲ್ಲಿ ನಡುಗಿವಿಯ ತೊಂದರೆ ಸಾಮಾನ್ಯವಾದ್ದರಿಂದ ಕಿವಿ ವೈದ್ಯರಿಗೆ ಇಲ್ಲಿ ಕೆಲಸವಿದೆ, ಆದರೆ ಅದು ಬೇರೆಯೇ ಲೇಖನದ ವಸ್ತು.

ಕರ್ನಾಟಕದ ಪಾತ್ರ ಶಿಬಿರದಿಂದ ಊರಲ್ಲೇ ಉಳಿಯುವ ಸೇವೆಯ ಕಡೆಗೆ ತಿರುಗಿದ ಈ ಎರಡನೆಯ ಘಟ್ಟಕ್ಕೆ ಸೇರಿದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದಾಗ ಅದರ ಮುಖ್ಯ ಗುರಿ ತಜ್ಞರನ್ನು ತಯಾರು ಮಾಡುವುದಾಗಿತ್ತು. ರೋಗಿ ಮೈಸೂರಿಗೇ ಬರಬೇಕಿತ್ತು. ಮುಂದೆ ಸಂಸ್ಥೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಯಳಂದೂರು ತಾಲ್ಲೂಕಿನ ಗುಂಬಳ್ಳಿಯಂಥ ಊರುಗಳಲ್ಲಿ ಸೇವಾ ಕೇಂದ್ರಗಳನ್ನು ತೆರೆಯಿತು. ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಕಿವಿ ತಪಾಸಣೆಯನ್ನೂ ಕೈಗೆತ್ತಿಕೊಂಡಿತು. ಶಿಬಿರ ಒಂದು ದಿನದ್ದು, ಈ ಕೇಂದ್ರಗಳು ಊರಲ್ಲೇ ಉಳಿಯುವಂಥವು. ಹುಟ್ಟುಗಿವುಡನ್ನು ಮೊದಲ ತಿಂಗಳುಗಳಲ್ಲೇ ಗುರುತಿಸದಿದ್ದರೆ ಮಾತು ಕಲಿಯುವ ವಯಸ್ಸು ಜಾರಿಹೋಗುತ್ತದೆ. ಅದಕ್ಕೆ ಶಿಬಿರ ಕಾಯಬಹುದು, ಮಗುವಿನ ಮಿದುಳು ಕಾಯುವುದಿಲ್ಲ.

ವಿಶ್ವ ಆರೋಗ್ಯ ಸಭೆ 1995ರಲ್ಲಿ ಶ್ರವಣದೋಷ ತಡೆಯ ಬಗ್ಗೆ ನಿರ್ಣಯ ಕೈಗೊಂಡಿತು. ಪ್ರಾಥಮಿಕ ಹಂತದ ಕಾರ್ಯಕರ್ತರಿಗೆ ಕಿವಿ ಆರೈಕೆಯ ತರಬೇತಿ ಕೈಪಿಡಿ 2006ರಲ್ಲಿ ಬಂತು. ಅದರ ಬೆನ್ನಿಗೇ ಭಾರತ ಸರ್ಕಾರ ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ 25 ಜಿಲ್ಲೆಗಳಲ್ಲಿ ಶುರುಮಾಡಿತು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮೊದಲ ಹಂತದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮುಂದಿನ ಹಂತದಲ್ಲಿ, ಜಿಲ್ಲಾಸ್ಪತ್ರೆಯ ಇಎನ್‌ಟಿ ಸರ್ಜನ್ ಅದರ ಮೇಲೆ ಎಂಬ ಏಣಿ ಅಲ್ಲಿದೆ. ನೇಪಾಲ್‌ಗಂಜಿನಲ್ಲಿ ಒಂದು ಚಿಕ್ಕ ತಂಡ ಅನುಭವದಿಂದ ಕಂಡುಕೊಂಡದ್ದನ್ನೇ ಇದು ದೇಶದ ಅಳತೆಗೆ ಹಿಗ್ಗಿಸುತ್ತದೆ. ಕಾಗದದ ಮೇಲೆ ಇದರಲ್ಲಿ ಕುಂದಿಲ್ಲ. ಆದರೆ ಏಣಿಯ ಮೇಲಿನ ಮೆಟ್ಟಿಲು ಖಾಲಿಯಿದ್ದರೆ ಕೆಳಗಿನವರು ರೋಗಿಯನ್ನು ಎಲ್ಲಿಗೆ ಕಳಿಸಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಕಡಿಮೆ ಆದಾಯದ ದೇಶಗಳಲ್ಲಿ ಶೇ. 78ರಷ್ಟು ದೇಶಗಳಲ್ಲಿ ಹತ್ತು ಲಕ್ಷ ಜನಕ್ಕೆ ಒಬ್ಬ ಇಎನ್‌ಟಿ ತಜ್ಞನೂ ಇಲ್ಲ. ಹೊರಗಿಂದ ಬರುವ ಸರ್ಜನ್ನರು ಶಸ್ತ್ರಚಿಕಿತ್ಸೆ ಮಾಡಿ ಹೋಗುವುದಕ್ಕಿಂತ ಕಲಿಸಿ ಹೋಗುವುದಕ್ಕೆ ಇಂದು ಬೆಲೆ ಹೆಚ್ಚಾಗಿರುವುದು ಈ ಕಾರಣಕ್ಕೆ. ಕೇಪ್‌ಟೌನಿನ ಪ್ರೊ. ಯೋಹಾನ್ ಫಾಗನ್ ಅವರು ಆಫ್ರಿಕಾದ ತರುಣ ಸರ್ಜನ್ನರಿಗೆ ತರಬೇತಿ ಏರ್ಪಡಿಸಿ, ಇಎನ್‌ಟಿ ಶಸ್ತ್ರಚಿಕಿತ್ಸೆಯ ಸಚಿತ್ರ ಕೈಪಿಡಿಯನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಮಾಡಿದ್ದು ಈ ದಿಕ್ಕಿನ ಒಳ್ಳೆಯ ಮಾದರಿ.

ಇಷ್ಟಾದರೂ ಶಿಬಿರವನ್ನು ತಳ್ಳಿಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯ. ನೇಪಾಲ್‌ಗಂಜಿನ ಶಿಬಿರವಿಲ್ಲದೆ ಆ ಸಮೀಕ್ಷೆಯಿಲ್ಲ, ತರಬೇತಿಯೂ ಇಲ್ಲ. ಜನ ಕಿವಿಯ ರೋಗವನ್ನು ಹಣೆಬರಹವೆಂದು ಬಿಡದೆ ರೋಗವೆಂದು ಒಪ್ಪಿದ್ದಕ್ಕೂ ಶಿಬಿರಗಳು ಕಾರಣ. ಆಕ್ಷೇಪಿಸಬೇಕಾದದ್ದು ಶಿಬಿರಗಳು ಲೆಕ್ಕ ಬರೆಯುವ ರೀತಿಯನ್ನು. ಎಷ್ಟು ಜನರನ್ನು ನೋಡಿದೆವು, ಎಷ್ಟು ಶಸ್ತ್ರಚಿಕಿತ್ಸೆ ಮಾಡಿದೆವು, ಎಷ್ಟು ಶ್ರವಣ ಸಾಧನ ಹಂಚಿದೆವು ಎಂಬ ಮೂರು ಅಂಕಿಗಳಲ್ಲೇ ಸಾಮಾನ್ಯವಾಗಿ ವರದಿ ಮುಗಿಯುತ್ತದೆ. ಕಿವಿ ಶಿಬಿರ ನಡೆಸುವ ಸಂಘಗಳು, ಕಾಲೇಜುಗಳು, ಕ್ಲಬ್ಬುಗಳು ಇನ್ನೆರಡು ಅಂಕಿಗಳನ್ನು ಸೇರಿಸಲಿ: ವರ್ಷದ ನಂತರ ಒಣಗಿಯೇ ಇರುವ ಕಿವಿಗಳೆಷ್ಟು, ಹಂಚಿದ ಶ್ರವಣ ಸಾಧನಗಳಲ್ಲಿ ಇನ್ನೂ ಬಳಕೆಯಲ್ಲಿರುವವು ಎಷ್ಟು. ಮುಂದೆ ಈ ಚರಿತ್ರೆಯನ್ನು ಬರೆಯುವವರಿಗೆ ಅದಕ್ಕಿಂತ ಬೇಕಾದ ಆಕರ ಬೇರೆಯಿಲ್ಲ.